ಜಿಂಕೆಯ ಕಡೆ ಕೂತು ಕೇಳುವ ಸೈಮಾ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಹಿತ್ತಲಿನ ತುದಿಯಲ್ಲಿ ಒಟ್ಟಿದ ಮರದ ದಿಮ್ಮಿಗಳ ಹಿಂದೆ ಸೈಮಾ ಕೊಸ್ಕೆಲ ಮಗುಚಿ ಹಾಕಿದ ಬಕೆಟ್ಟಿನ ಮೇಲೆ ಕೂತಿದ್ದಾರೆ. ದಿಮ್ಮಿಗಳ ಆಚೆಗೆ ಹುಲ್ಲಿನ ಪೆಂಡಿ ಇದೆ. ಬಾಣ ಬಂದು ನಾಟುವುದು ಅದಕ್ಕೆ. ಅವರು ಕಣ್ಣು ಮುಚ್ಚಿದ್ದಾರೆ, ಉಣ್ಣೆ ಟೊಪ್ಪಿಯನ್ನು ಕಿವಿಯಿಂದ ಮೇಲಕ್ಕೆ ಸರಿಸಿದ್ದಾರೆ. ಸರೋವರದ ಕಡೆಯಿಂದ ಬೀಸುವ ಗಾಳಿಗೆ ಕಿವಿ ಕೆಂಪಾಗಿದೆ.

“ಬಿಡೋ!”

ಹಿತ್ತಲಿನ ಇನ್ನೊಂದು ತುದಿಯಿಂದ ಡ್ವೇನ್ ಲಾಂಪಿ ಬಾಣ ಬಿಡುತ್ತಾನೆ. ಹೆದೆ ಮಿಡಿದ ಸದ್ದು, ಅದರ ಹಿಂದೆಯೇ ಬಾಣ ಪೆಂಡಿಗೆ ಹೊಕ್ಕ ಸದ್ದು.

“ಹೆದೆ ಇನ್ನೂ ಕಿರುಚ್ತಾ ಇದೆ ಕಣೋ. ತಗೊಂಡ್ ಬಾ.”

“ನಂಗೇನೂ ಕೇಳಿಸ್ಲೇ ಇಲ್ವಲ್ಲ ಸೈಮಾ.”

“ನೀನೇನು ಜಿಂಕೆನಾ?”

ನಾಡಿದ್ದು ಬಿಲ್ಲುಬೇಟೆಯ ಕಾಲ ಶುರುವಾಗುತ್ತದೆ. ಮಿಷಿಗನ್ನಿನ ಈ ಉತ್ತರದ ಹಳ್ಳಿಗಳಲ್ಲಿ ಈಗ ಯಾರಿಗೂ ನಿದ್ದೆ ಸರಿಯಿಲ್ಲ. ಸೈಮಾಗಂತೂ ಇಲ್ಲವೇ ಇಲ್ಲ. ಬಾಣ ಎಷ್ಟೇ ವೇಗವಾಗಿ ಹೋಗಲಿ, ಹೆದೆಯ ಸದ್ದು ಅದಕ್ಕಿಂತ ಮೊದಲು ಜಿಂಕೆಯನ್ನು ಮುಟ್ಟುತ್ತದೆ. ಸದ್ದು ಕೇಳಿದ ಜಿಂಕೆ ನೆಗೆಯುವ ಮುನ್ನ ಕಾಲು ಮಡಿಸಿ ಕುಗ್ಗುತ್ತದೆ. ಎದೆಗೆ ಗುರಿ ಇಟ್ಟ ಬಾಣ ಬೆನ್ನ ಮೇಲೆ ಹಾದುಹೋಗುತ್ತದೆ. ಇಲ್ಲವೇ ಬೆನ್ನಿಗೆ ನಾಟುತ್ತದೆ. ಆಗ ಆ ಪ್ರಾಣಿ ಗಾಯ ಹೊತ್ತು ಓಡಿ ಎಲ್ಲೋ ನರಳಿ ಸಾಯುತ್ತದೆ. ಆ ಸದ್ದನ್ನು ಅಡಗಿಸುವುದೇ ಸೈಮಾ ಅವರ ಕಸುಬು.

ಡ್ವೇನ್ ಮರದ ದಿಮ್ಮಿ ಸಾಗಿಸುವ ಲಾರಿಯ ಚಾಲಕ. ಅವನ ಬಿಲ್ಲಿನ ಹೆದೆಯ ಮೇಲೆ ಈಗ ರಬ್ಬರ್ ಎಳೆಗಳ ಗೊಂಡೆ ಎರಡು, ಉಣ್ಣೆಯ ಉಂಡೆ ಎರಡು, ಅವುಗಳ ನಡುವೆ ಅಂಚೆಯಲ್ಲಿ ತರಿಸಿದ ಇನ್ನೇನೋ ನೇತಾಡುತ್ತಿವೆ.

“ಇದು ಬಿಲ್ಲೋ ಕ್ರಿಸ್‌ಮಸ್ ಗಿಡಾನೋ?” ಎನ್ನುತ್ತಾ ಸೈಮಾ ಎಲ್ಲವನ್ನೂ ಕತ್ತರಿಸಿ ಹಾಕುತ್ತಾರೆ. “ರಬ್ಬರು ಸದ್ದು ನುಂಗುತ್ತೆ, ಜೊತೆಗೆ ಬಾಣದ ಜೋರನ್ನೂ ನುಂಗುತ್ತೆ. ಉಣ್ಣೆ ಹಗುರ, ಆದ್ರೆ ಮಳೇಲಿ ನೆಂದು ಮುದ್ದೆ ಆಗುತ್ತೆ. ನೀನು ಕೂರೋದು ಜೌಗಿನ ಪಕ್ಕ. ನಿಂಗೆ ಬೀವರ್ ತುಪ್ಪಳಾನೇ ಸರಿ. ಅದು ನೀರಲ್ಲೇ ಬದುಕೋ ಪ್ರಾಣಿದು, ನೆಂದ್ರೂ ಮುದ್ದೆ ಆಗಲ್ಲ.”

ತುಪ್ಪಳದ ತೆಳು ಪಟ್ಟಿಯನ್ನು ಹೆದೆಯ ಎಳೆಗಳ ನಡುವೆ ತೂರಿಸಿ ಸುತ್ತುತ್ತಾರೆ. ಒಂದು ಗೊಂಡೆ ಮೇಲ್ತುದಿಗೆ ಹತ್ತಿರ, ಇನ್ನೊಂದು ಕೆಳತುದಿಯಿಂದ ಸ್ವಲ್ಪ ಹೆಚ್ಚು ದೂರ. ಎರಡನ್ನೂ ಸಮದೂರದಲ್ಲಿ ಕಟ್ಟಿದರೆ ಹೆದೆ ನಡುಗುತ್ತಲೇ ಇರುತ್ತದೆಯಂತೆ. ಹೆದೆಯನ್ನು ಬಿಚ್ಚಿ ಇನ್ನೊಂದಿಷ್ಟು ಹುರಿಗೊಳಿಸುತ್ತಾರೆ. ಅದು ಬಂದು ಬಡಿಯುವಲ್ಲಿ, ಬಿಲ್ಲಿನ ತುದಿಗಳಿಗೆ, ಮೆತ್ತನೆಯ ಬಟ್ಟೆ ಅಂಟಿಸುತ್ತಾರೆ. ಮತ್ತೆ ಬಕೆಟ್ಟಿನ ಕಡೆ ನಡೆಯುತ್ತಾರೆ. ಬೆಳಗಿನಿಂದ ಹೀಗೆ ಎಷ್ಟು ಸಲ ಓಡಾಡಿದರೋ.

ಹಿಂದೆ ಈ ಓಡಾಟ ಇರಲಿಲ್ಲ. ದಿಮ್ಮಿಗಳ ಹಿಂದೆ ಅವರ ಕರಿ ನಾಯಿ ಮುಸ್ತಿ ಮಲಗಿರುತ್ತಿತ್ತು. ಸೈಮಾ ಬಾಣ ಬಿಟ್ಟವರ ಪಕ್ಕ ನಿಂತು ದುರ್ಬೀನಿನಲ್ಲಿ ನಾಯಿಯ ಕಿವಿ ನೋಡುತ್ತಿದ್ದರು. ಕಿವಿ ಅಲುಗಿದರೆ ಬಿಲ್ಲು ವಾಪಸು ಮೇಜಿಗೆ, ಅಲುಗದಿದ್ದರೆ ಕಾಡಿಗೆ. ತಾವು ದುಡಿಯುತ್ತಿದ್ದ ಕೈಗವಸಿನ ಕಾರ್ಖಾನೆ ಮುಚ್ಚಿ, ದಾರ ಹಿಡಿದ ಕೈಗೆ ಕೆಲಸವಿಲ್ಲದೆ ಹೆದೆ ಹೊಸೆಯಲು ಕೂತ ಕಾಲದಿಂದ ಅವರಿಗೆ ಮುಸ್ತಿಯೇ ಜೊತೆ. ಬಿಲ್ಲು ಮಾಡಿದವರ ಹೆಸರು ಮರದ ಮೇಲೆ ಸುಟ್ಟು ಬರೆದಿರುತ್ತದೆ. ಸೈಮಾ ಹೆಸರು ಎಲ್ಲೂ ಇರುವುದಿಲ್ಲ.

ಹೋದ ವರ್ಷ ಡ್ವೇನ್‌ನ ಬಿಲ್ಲಿಗೆ ಮುಸ್ತಿಯ ಕಿವಿ ಮೊದಲ ಬಾಣಕ್ಕೇ ಅಲುಗಲಿಲ್ಲ. ಕಾಡಿನಲ್ಲಿ ಮಾತ್ರ ಜಿಂಕೆ ಕುಗ್ಗಿತು, ಬಾಣ ಬೆನ್ನಿಗೆ ನಾಟಿತು. ಡ್ವೇನ್ ಎರಡು ದಿನ ರಕ್ತದ ಹನಿ ಹುಡುಕಿಕೊಂಡು ಅಲೆದ. ಹನಿಗಳು ಜೌಗಿನ ಅಂಚಿನಲ್ಲಿ ನಿಂತುಹೋದವು. ಬರಿಗೈಲಿ ಬಂದವನು ಬಿಲ್ಲನ್ನು ಗೋಡೆಗೆ ಮುಖ ಮಾಡಿ ನೇತುಹಾಕಿದ. ಅದಾದ ಕೆಲವೇ ದಿನಕ್ಕೆ ಸೈಮಾ ಕೈಯಿಂದ ಪಾತ್ರೆಯ ಮುಚ್ಚಳ ಜಾರಿ ನೆಲಕ್ಕೆ ಬಿತ್ತು. ಮುಸ್ತಿ ತಲೆ ಎತ್ತಲಿಲ್ಲ.

“ನಾಯಿ ಕಿವುಡಾಗಿತ್ತು,” ಎನ್ನುತ್ತಾರೆ ಸೈಮಾ. “ನಾನು ಅದನ್ನ ಬಿಲ್ಲಿನ ಗುಣ ಅಂದ್ಕೊಂಡೆ.”

ಕಾಫಿ ಅಂಗಡಿಯಲ್ಲಿ ಈಗಲೂ ಹೊಸ ಬಿಲ್ಲು ಕಂಡರೆ ಯಾರಾದರೂ ಕೇಳುತ್ತಾರೆ: “ಸೈಮಾನ ನಾಯಿ ಪಾಸು ಮಾಡಿದ್ದಾ ಇದು?” ಡ್ವೇನ್ ನಗುವುದಿಲ್ಲ. ಈ ಸಲವೂ ಜಿಂಕೆ ಕುಗ್ಗಿದರೆ ಬಿಲ್ಲನ್ನು ಸೌನಾ ಹಬೆಮನೆಯ ಒಲೆಗೆ ಹಾಕುತ್ತೇನೆ ಎಂದು ಹೇಳಿಯೇ ಬಂದಿದ್ದಾನೆ. ಹಾಗಾದರೆ ತಾವೂ ಈ ಕಸುಬು ಬಿಟ್ಟು ಕತ್ತರಿ ಕೆಳಗಿಡುವುದೆಂದು ಸೈಮಾ ತೀರ್ಮಾನಿಸಿದ್ದಾರೆ. ಅದನ್ನು ಅವನಿಗೆ ಹೇಳಿಲ್ಲ.

ಬಿಸಿಲು ದಿಮ್ಮಿಗಳ ಮೇಲೆ ಬಿದ್ದಿದೆ. ಇನ್ನೊಂದು ಬಾಣ. ಸೈಮಾ ಕಣ್ಣು ತೆರೆಯುವುದಿಲ್ಲ.

“ಬಿಡೋ ಅಂದ್ನಲ್ಲ!”

“ಬಿಟ್ಟಾಯ್ತು. ಪೆಂಡಿ ನೋಡು.”

ಪೆಂಡಿಯಲ್ಲಿ ಬಾಣವಿದೆ. ಸೈಮಾ ಎದ್ದು ಮಂಡಿ ಒರೆಸಿಕೊಳ್ಳುತ್ತಾರೆ. ಅದು ನಾಟಿದ್ದನ್ನು ಗಾಳಿಯ ಸದ್ದೆಂದುಕೊಂಡರಂತೆ. ಆದರೂ ಮುಖ ಸಡಿಲವಾಗುವುದಿಲ್ಲ. “ನನ್ನ ಕಿವಿಗೂ ವಯಸ್ಸಾಯ್ತಲ್ಲ,” ಎಂದು ತಮಗೇ ಹೇಳಿಕೊಂಡು ಇನ್ನೂ ಐದಾರು ಬಾಣ ಬಿಡಿಸುತ್ತಾರೆ. ಲಾರಿ ಹೊರಡುವಾಗ ಕಿಟಕಿ ಹಿಡಿದು ನಿಲ್ಲುತ್ತಾರೆ.

“ಎದೆಗೇ ಗುರಿ ಇಡು. ಕುಗ್ಗುತ್ತೆ ಅಂತ ಕೆಳಗೆ ಇಡಬೇಡ. ಕೇಳಿಸ್ತಾ?”

“ಕೇಳಿಸ್ತು, ಕೇಳಿಸ್ತು.”

ಬೇಟೆಯ ಮೊದಲ ದಿನ ಸೈಮಾ ಒಲೆಯ ಮೇಲೆ ಕಾಫಿ ಇಟ್ಟು ಮರೆಯುತ್ತಾರೆ, ಸೀದ ಪಾತ್ರೆ ತಿಕ್ಕುತ್ತಾರೆ, ಗುಡಿಸಿದ ಕೋಣೆಯನ್ನು ಮತ್ತೆ ಗುಡಿಸುತ್ತಾರೆ. ಲಾರಿಯ ಸದ್ದಿಗೆ ಬಾಗಿಲಿಗೆ ಬಂದು ಮೊದಲು ಹಿಂಭಾಗ ನೋಡುತ್ತಾರೆ. ಖಾಲಿ.

“ತಪ್ಪೋಯ್ತು,” ಎಂದು ಡ್ವೇನ್ ಇಳಿಯುತ್ತಾನೆ.

“ಕುಗ್ಗಿತಾ?”

ಅವನು ಬೂಟಿನ ಕೆಸರು ನೋಡುತ್ತಾನೆ. “ಬಾಣ ಹೊಟ್ಟೆ ಕೆಳಗೆ ಹೋಯ್ತು.”

“ಕೆಳಗಾ?” ಸೈಮಾ ಧ್ವನಿ ಏರುತ್ತದೆ. “ಕೆಳಗೆ ಹೇಗೋ ಹೋಗುತ್ತೆ?”

“ಹೋದ್ವರ್ಷದ್ದು ತಲೇಲಿತ್ತು ಸೈಮಾ. ಕುಗ್ಗೇ ಕುಗ್ಗುತ್ತೆ ಅಂತ ಕೆಳಗೇ ಇಟ್ಟೆ. ಅದು ನಿಂತಲ್ಲೇ ನಿಂತಿತ್ತು. ಬಾಣ ಪಾಚಿಗೆ ಬಿದ್ದ ಕಡೆ ಒಂದ್ಸಲ ನೋಡ್ತು. ನನ್ನ ಕಡೆ ತಿರುಗ್ಲೇ ಇಲ್ಲ. ಮತ್ತೆ ಓಕ್ ಕಾಯಿ ತಿನ್ನೋಕೆ ಶುರು.”

“ಇನ್ನೊಂದ್ಸಲ ಹೇಳು.”

ಅವನು ಹೇಳುತ್ತಾನೆ. ಸೈಮಾ ಬಾಗಿಲ ಚೌಕಟ್ಟು ಹಿಡಿದುಕೊಂಡು ಕೇಳುತ್ತಾರೆ.

“ನಾಳೆ ಎದೆಗೇ ಇಡ್ತೀನಿ,” ಎನ್ನುತ್ತಾನೆ ಡ್ವೇನ್.

“ಇಡದೆ ಇನ್ನೇನು. ನನ್ನ ಮಾತು ನಂಬದೆ ಊಟ ಕಳ್ಕೊಂಡೋನು ನೀನು. ಒಳಗೆ ಮಾಂಸ ತುಂಬಿದ ಪ್ಯಾಸ್ಟಿ ಇದೆ, ತಿನ್ನು.”

ಅವನು ತಿನ್ನಲು ಕೂತ ಮೇಲೆ ಸೈಮಾ ಒಲೆಯ ಪಕ್ಕ ಮಂಡಿಯೂರುತ್ತಾರೆ. ಮಲಗಿದ್ದ ಮುಸ್ತಿ ಅವರ ಕೈಯ ವಾಸನೆಗೆ ಬಾಲ ಆಡಿಸುತ್ತದೆ. ಅದರ ಜೋತುಬಿದ್ದ ಕಿವಿಯನ್ನು ಎರಡು ಬೆರಳಿನಲ್ಲಿ ಎತ್ತಿ, ಬಾಯಿ ಹತ್ತಿರ ತಂದು ಹೇಳುತ್ತಾರೆ:

“ಜಿಂಕೆ ತಿಂತಾನೇ ಇತ್ತಂತೆ ಕಣೋ.”