ಬಾಲದ ಮೇಲಿನ ಅಂಗೈಯಗಲದ ಪಟ್ಟಿ

ಅಕ್ಕ ವಿಮಾನ ಕಟ್ಟುತ್ತಾಳೆ ಎಂದಾಗ ಆಳಂದದಲ್ಲಿ ಯಾರೂ ನಂಬಲಿಲ್ಲ. ಒಡಹುಟ್ಟಿದವಳಾದ ನಾನೂ ನಂಬಲಿಲ್ಲ. ದೂರದ ಒಂದು ಕಾರ್ಖಾನೆಯಲ್ಲಿ ತರಬೇತಿ ವಿಮಾನಗಳನ್ನು ರಿಪೇರಿ ಮಾಡುತ್ತ ಅರ್ಧ ಆಯುಷ್ಯ ಕಳೆದವಳು ಅವಳು. ಅಲ್ಲಿಯೇ ಹಾರಿಸುವುದನ್ನೂ ಕಲಿತು ಪರವಾನಗಿ ಪಡೆದಿದ್ದಳು. ಅವಧಿಗೆ ಮುಂಚೆ ನಿವೃತ್ತಿ ತೆಗೆದುಕೊಂಡು ಊರಿಗೆ ಬಂದಾಗ ಅವಳ ಹಿಂದೆಯೇ ಒಂದು ಲಾರಿ ಬಂತು. ಅದರ ತುಂಬ ತೆಳ್ಳನೆಯ ಉಕ್ಕಿನ ಕೊಳವೆಗಳು, ಅಲ್ಯುಮಿನಿಯಂ ಹಾಳೆಗಳು, ಮರದ ಪೆಟ್ಟಿಗೆಯಲ್ಲಿ ಒಂದು ಪುಟ್ಟ ಎಂಜಿನ್. ಮುಚ್ಚಿಹೋಗಿದ್ದ ಹತ್ತಿ ಜಿನ್ನಿಂಗ್ ಮಿಲ್ಲಿನ ಶೆಡ್ಡನ್ನು ಬಾಡಿಗೆಗೆ ಹಿಡಿದು, ಸಾಮಾನು ಇಳಿಸಿಕೊಂಡು, ಮರುದಿನವೇ ಕೆಲಸ ಶುರು ಮಾಡಿದಳು.

ನನ್ನದು ಬ್ಲೌಸು ಹೊಲಿಯುವ ಅಂಗಡಿ. ರೆಕ್ಕೆಗಳ ಅಸ್ಥಿಪಂಜರ ತಯಾರಾದ ದಿನ ಅಕ್ಕ ಅಂಗಡಿಗೇ ಬಂದು ಕರೆದಳು.

“ಬಟ್ಟಿ ಕೆಲಸ ಅದ, ಬಾ ಬೇ. ನಿನ್ನಷ್ಟು ಸಣ್ಣ ಹೊಲಿಗಿ ನನ್ ಕೈಯಾಗ ಬರಂಗಿಲ್ಲ.”

ವಿಮಾನಕ್ಕೆ ಬಟ್ಟೆ ತೊಡಿಸುತ್ತಾರೆಂಬುದೇ ನನಗೆ ಗೊತ್ತಿರಲಿಲ್ಲ. ಗೋಣಿಚೀಲ ಹೊಲಿಯುವ ದಬ್ಬಣಕ್ಕಿಂತ ಉದ್ದದ ಸೂಜಿ ಹಿಡಿದು, ರೆಕ್ಕೆಯ ಈ ಬದಿಯಿಂದ ಆ ಬದಿಗೆ ದಾರ ತೂರಿಸಿ, ಪ್ರತಿ ಹೊಲಿಗೆಗೂ ಗಂಟು ಹಾಕುವುದು ನನ್ನ ಪಾಲಿನ ಕೆಲಸವಾಯಿತು. ಅದಕ್ಕೂ ಮುಂಚೆ ಬಟ್ಟೆಯನ್ನು ಅಂಟಿಸಿ ಇಸ್ತ್ರಿ ಆಡಿಸಬೇಕು. ಸಡಿಲವಾಗಿ ಜೋತುಬಿದ್ದಿದ್ದ ಬಟ್ಟೆ ಬಿಸಿ ತಾಗಿದಂತೆಲ್ಲ ತಾನೇ ಬಿಗಿದುಕೊಳ್ಳುತ್ತ ಹೋಯಿತು. ಕೊನೆಗೆ ಬೆರಳಿಂದ ಬಡಿದು ನೋಡಿದರೆ ಡೊಳ್ಳಿನ ಸದ್ದು. ಇಷ್ಟು ವರ್ಷ ಇಸ್ತ್ರಿ ಪೆಟ್ಟಿಗೆ ಹಿಡಿದವಳು, ಅಂಥದ್ದನ್ನು ನಾನು ಕಂಡಿರಲಿಲ್ಲ.

ಆದರೆ ನನ್ನನ್ನು ನಿಜವಾಗಿ ಬೆರಗುಗೊಳಿಸಿದ್ದು ಬಾಲದ ತುದಿಯಲ್ಲಿದ್ದ ಒಂದು ಪಟ್ಟಿ. ಬಾಲದ ಹಿಂಬದಿಯಲ್ಲಿ ಮೇಲೆ ಕೆಳಗೆ ಆಡುವ ಹಲಗೆಯೊಂದು ಇರುತ್ತದೆ. ವಿಮಾನದ ಮೂಗು ಏರುವುದೂ ಇಳಿಯುವುದೂ ಅದರಿಂದಲೇ. ಅದರ ಅಂಚಿಗೆ ಅಂಗೈಯಗಲದ ಇನ್ನೊಂದು ಪಟ್ಟಿಯನ್ನು ಅಕ್ಕ ಕೀಲು ಹಾಕಿ ಜೋಡಿಸುತ್ತಿದ್ದಳು. ಅದರಿಂದ ಹೊರಟ ತೆಳ್ಳನೆಯ ಕೇಬಲ್ಲು ಹೊಟ್ಟೆಯೊಳಗಿಂದ ಹಾದು ಎರಡು ಸೀಟುಗಳ ನಡುವಿನ ಒಂದು ಹಿಡಿಗೆ ಬಂದು ಸೇರುತ್ತಿತ್ತು.

“ಇದು ಟ್ರಿಮ್,” ಎಂದಳು. “ಹಾರೂ ಮುಂದ ವಿಮಾನದ ತೂಕ ಒಂದೇ ಸಮ ಇರಂಗಿಲ್ಲ. ಕೂತವರು ದಪ್ಪ ಇರ್ತಾರ, ತೆಳ್ಳಗ ಇರ್ತಾರ, ಪೆಟ್ರೋಲ್ ಖಾಲಿ ಆಗ್ತದ, ವೇಗ ಬದಲಾಗ್ತದ. ಆಗೆಲ್ಲ ಸ್ಟಿಕ್, ಅಂದ್ರ ಸೀಟಿನ ಮುಂದಿನ ಆ ಕೋಲು, ಒತ್ತಿ ಹಿಡೀಬೇಕು ಇಲ್ಲಾ ಜಗ್ಗಿ ಹಿಡೀಬೇಕು. ತಾಸುಗಟ್ಟಲೆ ಹಿಡದ್ರ ತೋಳು ಬಿದ್ದು ಹೋಗ್ತಾವ. ಆ ಕೆಲಸ ಈ ಪಟ್ಟಿ ಮಾಡ್ತದ.”

“ಇಷ್ಟ ಸಣ್ಣ ಪಟ್ಟಿ?”

“ಬಸ್ಸಿನ ಕಿಟಕಿಯಿಂದ ಕೈ ಹೊರಗ ಹಾಕಿ ನೋಡೀಯಿಲ್ಲೋ? ಅಂಗೈ ಜರಾ ಹೊರಳಿಸಿದ್ರ ಸಾಕು, ಗಾಳಿ ಇಡೀ ತೋಳು ಎತ್ತಿ ಒಗೀತದ.”

ಮಾದನಹಿಪ್ಪರಗಾ ಬಸ್ಸಿನಲ್ಲಿ ಎಷ್ಟೋ ಸಲ ಹಾಗೆ ಕೈ ಹಾಕಿ ಕಂಡಕ್ಟರನಿಂದ ಬೈಸಿಕೊಂಡಿದ್ದೆ. ಆ ಗಾಳಿಗೆ ಹೀಗೊಂದು ಕೆಲಸ ಹಚ್ಚಬಹುದೆಂದು ಹೊಳೆದಿರಲಿಲ್ಲ.

ಪಟ್ಟಿಯ ಕೀಲಿನ ಬಳಿ ಕೇಬಲ್ಲು ಸಿಕ್ಕಿಸಲು ಬೇಕಾದ ಉಕ್ಕಿನ ಸಣ್ಣ ತೋಳನ್ನು ಬೆಸುಗೆ ಹಾಕಿಕೊಟ್ಟವರು ಬಸ್‌ ನಿಲ್ದಾಣದ ಹಿಂದಿನ ಟ್ರಾಕ್ಟರ್ ರಿಪೇರಿ ಅಂಗಡಿಯ ಚಾಚಾ. ನೇಗಿಲು, ಟ್ರೇಲರು ಬೆಸೆದು ರೂಢಿಯಾದವರು ಅದನ್ನು ಅಂಗೈ ಮೇಲಿಟ್ಟುಕೊಂಡು ಗಹಗಹಿಸಿ ನಕ್ಕರು. “ತಂಗೀ, ಇದು ವಿಮಾನದ ಸಾಮಾನೋ, ಮೂಗಿನ ನತ್ತೋ?” ಆದರೆ ಅಕ್ಕ ಹೇಳಿದ ಅಳತೆ ಬರುವವರೆಗೆ ಮೂರು ಸಲ ಅರದಿಂದ ಉಜ್ಜಿ ಉಜ್ಜಿ ಸರಿಮಾಡಿ ಕೊಟ್ಟರು.

ಕಾಗದಪತ್ರಗಳ ಕೆಲಸವೆಲ್ಲ ಮುಗಿದು ಹಾರಲು ಅನುಮತಿ ಬಂದಾಗ ಚಳಿಗಾಲ. ಮಾದನಹಿಪ್ಪರಗಾದ ಆಚೆ, ಏನೂ ಬೆಳೆಯದ ಒಂದು ಮಡ್ಡಿಯ ಕಲ್ಲು ಆರಿಸಿ, ರೋಲರ್ ಹೊಡೆಸಿ, ಓಡುದಾರಿ ಮಾಡಿಕೊಂಡಿದ್ದೆವು. ಅಕ್ಕ ಒಬ್ಬಳೇ ಬಹಳ ಸಲ ಹಾರಿದ ಮೇಲೆ ಒಂದು ಮುಂಜಾನೆ ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡಳು.

ನೆಲ ಬಿಟ್ಟಿದ್ದು ನನಗೆ ತಿಳಿಯಲೇ ಇಲ್ಲ. ಚಕ್ರಗಳ ಗಡಗಡ ನಿಂತಿತು, ಅಷ್ಟೇ. ಕೆಳಗೆ ತೊಗರಿ ಹೂಬಿಟ್ಟಿತ್ತು. ಕಪ್ಪು ನೆಲದ ಮೇಲೆ ಹಳದಿಯ ಪಟ್ಟೆಪಟ್ಟೆ. ನಾನು ಹುಟ್ಟಿ ಬೆಳೆದ ನೆಲದ ಮೈ ಇಂಥದೆಂದು ಅವತ್ತೇ ಕಂಡದ್ದು. ಮೇಲೇರಿದ ನಂತರ ಅಕ್ಕ ನನ್ನ ಮುಂದಿನ ಸ್ಟಿಕ್ ಹಿಡಿಯಲು ಹೇಳಿದಳು. ಅದು ಕೈಯಲ್ಲಿ ಜೀವವಿದ್ದಂತೆ ನನ್ನತ್ತ ಒತ್ತುತ್ತಿತ್ತು. ಅವಳು ನಡುವಿನ ಹಿಡಿಯನ್ನು ನಿಧಾನಕ್ಕೆ ಮುಂದೆ ಸರಿಸಿದಳು. ಒತ್ತಡ ಕರಗುತ್ತ ಕರಗುತ್ತ ಇಲ್ಲವಾಯಿತು.

“ಈಗ ಕೈ ಬಿಡು.”

“ಬ್ಯಾಡ ಅಕ್ಕಾ!”

“ಬಿಡು ಬೇ.”

ಬಿಟ್ಟೆ. ಅವಳೂ ಬಿಟ್ಟಳು. ಯಾರೂ ಹಿಡಿಯದ ವಿಮಾನ ತನ್ನ ಪಾಡಿಗೆ ತಾನು ನೆಟ್ಟಗೆ ಹೊರಟಿತ್ತು. ದೂರದಲ್ಲಿ ಭೀಮೆ ಬೆಳ್ಳಗೆ ಹೊಳೆಯುತ್ತಿತ್ತು. ನನ್ನ ಕಣ್ಣಲ್ಲಿ ನೀರು ಬಂತು.

ಆ ಬಳಿಕ ಅಂಗಡಿಗೆ ರಜೆ ಇದ್ದಾಗಲೆಲ್ಲ ಅವಳ ಜೊತೆ ಹೋಗತೊಡಗಿದೆ. ಬೇಸಿಗೆಯ ಬಿಸಿಲು ಏರುವ ಮುಂಚೆ ಒಮ್ಮೆ ಜೇವರ್ಗಿಯ ತನಕ ಹೋಗಿ ಬರುವುದೆಂದು ಹೊರಟೆವು. ಎಂದಿನಂತೆ ಟ್ರಿಮ್ ಹಿಡಿಯನ್ನು ಹಿಂದೆಳೆದು, ಮೂಗು ಏರುವ ಹಾಗೆ ಇಟ್ಟು ಮೇಲೇರಿದಳು. ಅಫಜಲಪುರದ ಮನೆಗಳು ಕಾಣುವ ಹೊತ್ತಿಗೆ ಸಾಕಷ್ಟು ಎತ್ತರಕ್ಕೆ ಬಂದಿದ್ದೆವು. ಇನ್ನು ಸಮನಾಗಿ ಹೋಗೋಣವೆಂದು ಹಿಡಿಯನ್ನು ಮುಂದೆ ಸರಿಸಿದಳು. ಅದು ಸರಿಯಲಿಲ್ಲ. ಇನ್ನೊಮ್ಮೆ ನೋಡಿದಳು. ಕಲ್ಲಿಗೆ ತಾಗಿದಂತೆ ನಿಂತುಬಿಟ್ಟಿತ್ತು.

ವೇಗ ಹೆಚ್ಚಿದಂತೆ ಮೂಗು ಮೇಲೆ ಮೇಲೆ ಎದ್ದಿತು. ಅಕ್ಕ ಎರಡೂ ಕೈಯಿಂದ ಸ್ಟಿಕ್ಕನ್ನು ಮುಂದಕ್ಕೆ ಒತ್ತಿ ಹಿಡಿದಳು.

“ನಿನ್ನ ಸ್ಟಿಕ್ ಹಿಡಿ. ಮುಂದ ಒತ್ತು. ಘಾಬರಿ ಆಗಬ್ಯಾಡ.”

ನಾನು ಒತ್ತಿದೆ. ಅವಳು ಬಗ್ಗಿ ಕೇಬಲ್ಲು ಕಾಣುವಷ್ಟು ದೂರ ಕೈಯಾಡಿಸಿ ನೋಡಿದಳು. ನನ್ನ ತೋಳುಗಳು ಸೋಲಲು ಹತ್ತಿದವು. ಒತ್ತುವುದನ್ನು ಬಿಟ್ಟರೆ ಮೂಗು ಆಕಾಶಕ್ಕೆ ಏಳುತ್ತದೆ ಎಂಬುದಷ್ಟೇ ತಲೆಯಲ್ಲಿತ್ತು.

“ಆ ಟ್ರಿಮ್ ಹಿಡಿ ಜೋರ್ ನೂಕಬಾರದೇನು?” ಎಂದು ಕೂಗಿದೆ.

“ಜೋರ್ ನೂಕಿದ್ರ ಕೇಬಲ್ ಹರೀತದ. ಹರದ್ರ ಪಟ್ಟಿ ಗಾಳಿಗೆ ಪಟಪಟ ಹೊಡಕೊಂಡು ಬಾಲನ ಮುರೀತದ.”

ಅವಳು ನೆಟ್ಟಗೆ ಕೂತು, ಕ್ಷಣ ಹೊತ್ತು ಹೊರಗೆ ನೋಡಿದಳು. ಆಮೇಲೆ ಎಂಜಿನ್ನಿನ ಶಕ್ತಿಯನ್ನು ಸ್ವಲ್ಪಸ್ವಲ್ಪವೇ ಇಳಿಸಿದಳು. ಅಬ್ಬರ ತಗ್ಗಿತು, ವಿಮಾನ ನಿಧಾನವಾಯಿತು. ನನ್ನ ಅಂಗೈ ಮೇಲಿನ ಒತ್ತಡವೂ ತಗ್ಗಿತು. ಇನ್ನಷ್ಟು ಇಳಿಸಿದಳು. ಎರಡು ಬೆರಳಲ್ಲಿ ಹಿಡಿಯುವಷ್ಟು ಹಗುರವಾಯಿತು.

“ಏನ್ ಮಾಡ್ದಿ?”

“ಏನೂ ಇಲ್ಲ. ಪಟ್ಟಿ ಮೆಲ್ಲಕ ಹೋಗೂ ವೇಗಕ್ಕ ನಿಂತದ. ನಾವು ಜೋರ್ ಹೊಂಟಿದ್ವಿ, ಅದಕ್ಕ ಜಗಳ ತೆಗದಿತ್ತು. ಅದಕ್ಕ ಬೇಕಾದ ವೇಗದಾಗ ನಾವ ಹೋಗೂಣು.”

ಜೇವರ್ಗಿಯ ಮಾತು ಬಿಟ್ಟು, ಭೀಮೆಯ ಮೇಲೆ ದೊಡ್ಡದಾಗಿ ಸುತ್ತು ಹಾಕಿ ಹಿಂದಿರುಗಿದೆವು. ಎತ್ತಿನ ಗಾಡಿಯಲ್ಲಿ ಕೂತಷ್ಟು ಸಾವಕಾಶವಾಗಿ ಹೋಗುತ್ತಿದ್ದೇವೆ ಅನ್ನಿಸಿತು. ಭಯ ಎಲ್ಲಿ ಹೋಯಿತೋ ತಿಳಿಯದು. ಒಳಗೆಲ್ಲೋ ಸಿಕ್ಕಿಕೊಂಡದ್ದು ಏನೆಂದು ಗೊತ್ತಿಲ್ಲದೆಯೂ ಅದರೊಂದಿಗೆ ಹೊಂದಿಕೊಂಡು ಹೀಗೆ ತೇಲಿಹೋಗಬಹುದಲ್ಲ ಎಂಬುದೇ ನನಗೆ ದೊಡ್ಡದಾಗಿ ಕಂಡಿತು. ಇಳಿಯುವಾಗ ಅಕ್ಕ ನಕ್ಕಳು ಕೂಡ. “ಇಳಿಯೂದಕ್ಕ ಟ್ರಿಮ್ ಹಿಂಗ ಇರಬೇಕು. ಬರೋಬರ್ ಅದ.” ಚಕ್ರಗಳು ಮಡ್ಡಿಯನ್ನು ಮೆತ್ತಗೆ ತಾಕಿದವು. ವಿಮಾನ ನಿಂತ ಮೇಲೆ ಅವಳು ನೀರಿನ ಬಾಟಲಿ ಕೈಗೆತ್ತಿಕೊಂಡಳು. ಅದರ ಮುಚ್ಚಳ ತೆಗೆಯಲು ಅವಳಿಗೆ ಆಗಲಿಲ್ಲ. ನಾನೇ ತೆಗೆದುಕೊಟ್ಟೆ.

ಮರುದಿನ ಬಾಲದ ಮುಚ್ಚಳ ಬಿಚ್ಚಿದೆವು. ಅಕ್ಕ ಟಾರ್ಚು ಹಿಡಿದು ಸಣ್ಣ ಕನ್ನಡಿಯನ್ನು ಒಳಗೆ ತೂರಿಸಿ ನೋಡಿದವಳು ಪಕ್ಕಕ್ಕೆ ಸರಿದು ನನಗೆ ಜಾಗ ಬಿಟ್ಟಳು.

“ಬಂದು ನೋಡು.”

ಕನ್ನಡಿಯಲ್ಲಿ ಕಂಡದ್ದು ಮಣ್ಣು. ಕುಂಬಾರ ಹುಳು ಪಟ್ಟಿಯ ಸಂದಿಯೊಳಗಿಂದ ನುಸುಳಿ ಹೋಗಿ, ಕೊಳವೆಗೆ ಅಂಟಿಸಿ ಕಪ್ಪು ಎರೆಮಣ್ಣಿನ ಗೂಡು ಕಟ್ಟಿತ್ತು. ಸಾಲಾಗಿ ಪುಟ್ಟ ಪುಟ್ಟ ಕೋಣೆಗಳು, ಹಚ್ಚಿ ನುಣುಪು ಮಾಡಿದ ಗೋಡೆಗಳು. ಎಂಜಿನ್ನಿನ ಅದುರಿಗೆ ಒಂದು ಕೋಣೆ ಕಳಚಿ, ಚಾಚಾ ಬೆಸೆದ ಆ ತೋಳಿನ ಮುಂದೆ ಬಿದ್ದು ಸಿಕ್ಕಿಕೊಂಡಿತ್ತು. ಹಿಂದೆ ಬರಲು ತೋಳಿಗೆ ಅಡ್ಡಿಯಿರಲಿಲ್ಲ, ಮುಂದೆ ಹೋಗಲು ದಾರಿಯಿರಲಿಲ್ಲ.

ಚಿಮಟದಿಂದ ಆ ಚೂರನ್ನು ಹೊರತೆಗೆದು ಕಾಗದದ ಮೇಲಿಟ್ಟೆವು. ಒಡೆದ ಗೋಡೆಯೊಳಗೆ ನಿದ್ದೆ ಬಂದವರಂತೆ ಕಾಲು ಮಡಚಿ ಮಲಗಿದ ಸಣ್ಣ ಜೇಡಗಳು, ಅವುಗಳ ನಡುವೆ ಬಿಳಿಯ ಒಂದು ಮರಿಹುಳು. ತಾಯಿ ಹುಳು ತನ್ನ ಮರಿಗೆ ತಿನ್ನಲೆಂದು ಕೂಡಿಟ್ಟ ಬುತ್ತಿ.

“ನಮ್ಮನ್ನ ಕೊಲ್ಲತಿತ್ತಲ್ಲ ಇದು,” ಎಂದೆ. ಮಾತು ಸಿಟ್ಟಿನಿಂದ ಬರಲಿಲ್ಲ.

“ಅದಕೇನ್ ಗೊತ್ತು? ಭದ್ರ ಜಾಗ ಹುಡಕಾಕತ್ತಿತ್ತು ಪಾಪ,” ಎಂದಳು ಅಕ್ಕ.

ರಿಪೇರಿ ಒಂದು ವಾರ ಹಿಡಿಯಿತು. ಗೂಡು ಪೂರ್ತಿ ತೆಗೆದು ಕೊಳವೆಯನ್ನು ಒರೆಸಿದೆವು. ಅವತ್ತು ಆಕಾಶದಲ್ಲಿ ಹಿಡಿಯನ್ನು ಸರಿಸಲು ನೋಡಿದಾಗ ಕೇಬಲ್ಲಿನ ಒಂದು ಎಳೆ ಸೀಳಿತ್ತು, ಅದಕ್ಕೆ ಇಡೀ ಕೇಬಲ್ಲನ್ನೇ ಬದಲಿಸಿದಳು. ಕೀಲಿನ ಕಡ್ಡಿ ಸವೆದು ಪಟ್ಟಿ ಕೊಂಚ ಲೊಡಲೊಡ ಅನ್ನುತ್ತಿತ್ತು, ಚಾಚಾ ಹೊಸ ಕಡ್ಡಿ ಮಾಡಿಕೊಟ್ಟರು. ವಿಮಾನ ನಿಂತಿರುವಾಗ ಹುಳು ನುಸುಳದಂತೆ ಬಾಲಕ್ಕೆ ತೊಡಿಸಲು ನಾನು ಸಣ್ಣ ಜಾಳಿಗೆಯ ಬಟ್ಟೆಯಿಂದ ಒಂದು ಗವುಸು ಹೊಲಿದೆ. ಕೊನೆಗೆ ಪರೀಕ್ಷೆ. ಅಕ್ಕ ಒಳಗೆ ಕೂತು ಹಿಡಿ ಸರಿಸುವುದು, ನಾನು ಬಾಲದ ಬಳಿ ನಿಂತು ಕೂಗಿ ಹೇಳುವುದು. ಮೂಗು ಕೆಳಗಿಳಿಸಲು ಹಿಡಿ ಮುಂದೆ ಹೋದರೆ ಪಟ್ಟಿ ಮೇಲೇಳುತ್ತದೆ! ತಪ್ಪಾಯಿತೆಂದು ನಾನು ಕೂಗಿಕೊಂಡೆ. ಅಕ್ಕ ಇಳಿದು ಬಂದು, ಪಟ್ಟಿ ಮೇಲೆದ್ದಾಗ ಗಾಳಿ ಹಲಗೆಯನ್ನು ಕೆಳಗೊತ್ತುತ್ತದೆ, ಹಲಗೆ ಕೆಳಗಾದರೆ ಬಾಲ ಮೇಲೇಳುತ್ತದೆ, ಬಾಲ ಎದ್ದರೆ ಮೂಗು ತಗ್ಗುತ್ತದೆ ಎಂದು ಕೈಯಲ್ಲಿ ಮಾಡಿ ತೋರಿಸಿದಳು. ಆ ರಾತ್ರಿ ಉಣ್ಣುವಾಗಲೂ ನನ್ನ ಎಡಗೈ ಗಾಳಿಯಲ್ಲಿ ಅದನ್ನೇ ಮಾಡುತ್ತಿತ್ತು.

ಅಕ್ಕ ಮೊದಲು ಒಬ್ಬಳೇ ಹಾರಿ ನೋಡಿಕೊಂಡು ಬಂದಳು. ನಂತರ ಯಾರು ಕೂರುತ್ತೀರಿ ಎಂದಾಗ, ನೋಡಲು ಬಂದಿದ್ದ ಚಾಚಾ ಟೊಪ್ಪಿಗೆ ತೆಗೆದು ಜೇಬಿಗೆ ತುರುಕಿದರು. “ನಾ ಮಾಡಿದ ಸಾಮಾನಿನ ಮ್ಯಾಲೆ ನನಗ ಭರೋಸಾ ಅದನೋ ಇಲ್ಲೋ, ನೋಡೇ ಬಿಡೂಣ್ರಿ.”

ಚಾಚಾ ದಪ್ಪ ಮೈಯವರು. ಬೆಲ್ಟು ಸಾಲದೆ ನಾನೇ ಎಳೆದು ಸರಿಮಾಡಿದೆ. ವಿಮಾನ ಭೂಸನೂರಿನ ಕಬ್ಬಿನ ಹೊಲಗಳ ದಿಕ್ಕಿಗೆ ಹೋಗಿ ಚುಕ್ಕಿಯಾಯಿತು. ಮಡ್ಡಿಯ ಮೇಲೆ ನಿಂತು ಸದ್ದು ಪೂರ್ತಿ ಅಡಗುವವರೆಗೆ ನೋಡಿದೆ, ಮತ್ತೆ ಅದು ಕೇಳಿಸುವವರೆಗೆ ಕಾದೆ.

ಇಳಿದು ಬಂದು ಎಂಜಿನ್ ನಿಂತಾಗ ಬಾಗಿಲು ತೆಗೆದೆ. ಚಾಚಾ ಬೆಲ್ಟು ಬಿಚ್ಚಿರಲಿಲ್ಲ. ಎರಡೂ ಅಂಗೈಯನ್ನು ತೊಡೆಯ ಮೇಲೆ ಮೇಲ್ಮುಖವಾಗಿ ಇಟ್ಟುಕೊಂಡು, ಖಾಲಿ ಮಡ್ಡಿಯನ್ನು ನೋಡುತ್ತಿದ್ದರು.

“ಇಳೀರಿ ಚಾಚಾ,” ಎಂದೆ.

“ಮ್ಯಾಲೆ ನಿಮ್ಮಕ್ಕ ಕೈ ಬಿಡ್ರಿ ಅಂದ್ಲು, ಬಿಟ್ಟೆ. ಜರಾ ಕೂಡ್ತೇನಿ ತಂಗೀ,” ಎಂದರು.

ಅಕ್ಕ ನನಗೆ ಸುಮ್ಮನಿರಲು ಸನ್ನೆ ಮಾಡಿದಳು. ನಾವಿಬ್ಬರೂ ರೆಕ್ಕೆಯ ನೆರಳಲ್ಲಿ ಕೂತೆವು.