ಫೋನಕ್ಕ ಬಿಟ್ಟುಕೊಟ್ಟ ಕುರ್ಚಿ

ಬೆಳಗಿನ ಐದೂ ನಲವತ್ತು. ಪ್ರಾರ್ಥನಾ ಮಂದಿರದ ಹಿಂಬದಿಯ ಸಣ್ಣ ಕೋಣೆಯ ಬೀಗ ತೆಗೆದು ಒಳಗೆ ಬಂದ ಫೋನಕ್ಕ ಮೊದಲು ದೀಪ ಹಾಕುವುದಿಲ್ಲ. ಕತ್ತಲಲ್ಲೇ ತಡವಿ ರಿಸೀವರ್ ಎತ್ತಿ ಕಿವಿಗಿಟ್ಟು ನೋಡುತ್ತಾರೆ. ಗುಂಯ್ ಎನ್ನುವ ಸದ್ದು ಇದೆ, ಲೈನು ಸರಿಯಾಗಿದೆ. ಆಮೇಲೆ ದೀಪ, ಆಮೇಲೆ ಕಿಟಕಿ. ಹಳೆಯ ಪರದೆಯ ಬಟ್ಟೆಯಲ್ಲಿ ತಾವೇ ಹೊಲಿದ ದಿಂಬನ್ನು ಎರಡು ಸಲ ಬಡಿದು ಕುರ್ಚಿಯ ಮೇಲಿಡುತ್ತಾರೆ. ಫ್ಲಾಸ್ಕಿನಿಂದ ಒಂದು ಗುಟುಕು ಬಿಸಿನೀರು ಕುಡಿದು, ಗಂಟಲು ಸರಿಮಾಡಿಕೊಂಡು, ಉದ್ದನೆಯ ರೂಲು ಪುಸ್ತಕದಲ್ಲಿ ತಾರೀಖು ಬರೆಯುತ್ತಾರೆ. ಲೈನು ತೆರೆಯುವುದು ಆರಕ್ಕೆ. ಇಷ್ಟು ಮುಂಚೆ ಬಂದು ಕೂರುವ ಅಭ್ಯಾಸ ಶುರುವಾಗಿ ಇವತ್ತಿಗೆ ನಲವತ್ಮೂರು ದಿನ. ಅದಕ್ಕೊಂದು ಕಾರಣವಿದೆ, ಕಾರಣ ಅಷ್ಟೇನೂ ಚಂದದ್ದಲ್ಲ.

ಈ ಫೋನಿಗೆ ಕರೆ ಮಾಡುವವರು ಸೈತಾನನ ಕಾಟಕ್ಕೆ ಸಿಕ್ಕಿಬಿದ್ದವರು, ಅಥವಾ ಹಾಗಂತ ಅಂದುಕೊಂಡವರು. ಅವರ ಮಾತು ಕೇಳಿಸಿಕೊಳ್ಳುವುದು, ಧೈರ್ಯ ಹೇಳುವುದು, ಕೊನೆಗೆ ಜೊತೆಯಲ್ಲಿ ಪ್ರಾರ್ಥನೆ ಮಾಡುವುದು ಫೋನಕ್ಕನ ಕೆಲಸ. ಭಾನುವಾರ ಪಾಸ್ಟರ್ ವೇದಿಕೆ ಹತ್ತಿ ಇದನ್ನೇ ಆತ್ಮಿಕ ಯುದ್ಧ ಅನ್ನುತ್ತಾರೆ. ನಂಬಿಕೆಯ ಗುರಾಣಿ, ಸತ್ಯದ ನಡುಕಟ್ಟು ಎಂದು ದೇವರು ಕೊಡುವ ಆಯುಧಗಳನ್ನು ಒಂದೊಂದಾಗಿ ವಿವರಿಸುತ್ತಾರೆ. ಜನ ಮೈಮರೆತು ಕೇಳುತ್ತಾರೆ. ಕೇಳಿದ ಮರುದಿನವೇ ಅವರಿಗೆ ಮನೆಯ ಮೂಲೆಮೂಲೆಯಲ್ಲೂ ಸೈತಾನ ಕಾಣಿಸತೊಡಗುತ್ತಾನೆ. ಹಾಗಾಗಿ ಉಳಿದ ದಿನ ನಲವತ್ತು ಕರೆ ಬಂದರೆ ಸೋಮವಾರ ಅರವತ್ತು ದಾಟುತ್ತದೆ.

ಹತ್ತರಲ್ಲಿ ಏಳು ಕರೆಗೂ ಸೈತಾನನಿಗೂ ಸಂಬಂಧವೇ ಇಲ್ಲ ಎನ್ನುವುದು ಫೋನಕ್ಕನ ಲೆಕ್ಕ. ಗಂಡನ ಗೊರಕೆಯಲ್ಲಿ ಅಶರೀರವಾಣಿ ಕೇಳಿಸಿತು ಅನ್ನುವವರಿದ್ದಾರೆ. ಬೀಗದ ಕೈ ಮೂರು ಸಲ ಮಾಯವಾಯಿತು, ಇದು ಅವನದ್ದೇ ಕೆಲಸ ಅಂತ ಅಳುವವರಿದ್ದಾರೆ. ಅಂಥವರಿಗೆ ಫೋನಕ್ಕನ ಉತ್ತರ ಒಂದೇ: “ಬೀಗದ ಕೈ ಬಚ್ಚಿಡೋಷ್ಟು ಪುರುಸೊತ್ತು ಅವನಿಗೆಲ್ಲಿದೆಯಮ್ಮ, ಚೀಲದ ತಳ ಸರಿಯಾಗಿ ನೋಡಿ.” ವಾರದಿಂದ ನಿದ್ದೆಯಿಲ್ಲ, ಊಟ ಸೇರುತ್ತಿಲ್ಲ ಎನ್ನುವವರಿಗೆ ಪ್ರಾರ್ಥನೆಯ ಜೊತೆಗೆ ಡಾಕ್ಟರ ಹತ್ತಿರವೂ ಹೋಗಿ ಎಂದು ಗದರಿಸಿ ಕಳಿಸುತ್ತಾರೆ. ಉಳಿದ ಮೂರು ಕರೆಗೆ ಮಾತ್ರ ಬೆನ್ನು ನೆಟ್ಟಗೆ ಮಾಡಿಕೊಂಡು ಕೂರುತ್ತಾರೆ.

“ಅವನಿಗೆ ಕೊಂಬು, ಬಾಲ ಇದ್ದಿದ್ರೆ ನಮ್ಮ ಕೆಲಸ ಸುಲಭ ಆಗ್ತಿತ್ತು, ಕಂಡ ತಕ್ಷಣ ಬಾಗಿಲು ಹಾಕ್ಕೋಬಹುದಿತ್ತು” ಎನ್ನುತ್ತಾರೆ ಫೋನಕ್ಕ. “ಅವನೂ ದೇವದೂತನಾಗಿದ್ದೋನೇ. ಒಳ್ಳೆ ಜಾಗ, ಒಳ್ಳೆ ಮರ್ಯಾದೆ. ದೇವರು ಇನ್ನೊಬ್ಬರನ್ನ ಪ್ರೀತಿ ಮಾಡೋದನ್ನ ನೋಡೋಕಾಗ್ಲಿಲ್ಲ ಅವನಿಗೆ, ಅಷ್ಟೇ. ಬಿದ್ದ. ಅಲ್ಲಿಂದ ಅವನಿಗೆ ಇರೋದು ಎರಡೇ ಕೆಲಸ. ಸುಳ್ಳು ಹೇಳೋದು, ನಮ್ಮ ಮೇಲೆ ನಮ್ಮ ಕೈಯಿಂದಾನೇ ತಪ್ಪು ಹೊರಿಸೋದು. ನೀನು ಯಾವುದಕ್ಕೂ ಲಾಯಕ್ಕಿಲ್ಲ ಅಂತ ಒಳಗೆ ಕೂತು ಹೇಳ್ತಾನೇ ಇರ್ತಾನೆ.”

ಇನ್ನೊಬ್ಬರನ್ನು ಪ್ರೀತಿಸುವುದನ್ನು ನೋಡಲಾಗದ ಸಂಕಟ ಎಂಥದ್ದೆಂದು ಫೋನಕ್ಕನಿಗೆ ಯಾರೂ ಪಾಠ ಹೇಳಬೇಕಾಗಿಲ್ಲ.

ಇಪ್ಪತ್ತೊಂದು ವರ್ಷದ ಹಿಂದೆ ಅವರು ಈ ಮಂದಿರದಲ್ಲಿ ನೆಲ ಒರೆಸುತ್ತಿದ್ದರು. ಗಂಡ ತೀರಿಕೊಂಡು ವರ್ಷವಾಗಿರಲಿಲ್ಲ, ಮೈದುನನ ಮನೆಯ ಒಂದು ಕೋಣೆಯಲ್ಲಿ ಜೀವನ. ಒಂದು ಬೆಳಿಗ್ಗೆ ಫೋನು ಬಡಿದುಕೊಳ್ಳತೊಡಗಿತು, ಆಗಿನ ಪಾಸ್ಟರ್ ಊರಲ್ಲಿರಲಿಲ್ಲ. ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಂಡು ಎತ್ತಿದರು. ಆ ಕಡೆಯವರು ಮುಕ್ಕಾಲು ಗಂಟೆ ಅತ್ತರು, ಇವರು ಹ್ಞೂಂಗುಟ್ಟಿದರು. ಮರುದಿನ ಅದೇ ಮನುಷ್ಯ ಪಾಸ್ಟರಿಗೆ ಫೋನು ಮಾಡಿ, ನಿಮ್ಮಲ್ಲಿ ಒಬ್ಬರಿಗೆ ಕೇಳಿಸಿಕೊಳ್ಳೋಕೆ ಬರುತ್ತೆ ಅಂದನಂತೆ. ಅವತ್ತು ಪೊರಕೆ ಮೂಲೆ ಸೇರಿತು. ಈಗ ಎಡಗಿವಿ ಅರ್ಧ ಕೇಳಿಸುವುದಿಲ್ಲ, ಕುತ್ತಿಗೆ ಒಂದೇ ಕಡೆ ವಾಲಿದೆ, ದನಿ ದಪ್ಪಗಾಗಿದೆ. ಬಸ್ ಕಂಡಕ್ಟರ್ ದನಿ ಅಂತ ಮೈದುನ ಛೇಡಿಸುತ್ತಾನೆ.

ಮೂರು ವರ್ಷದ ಹಿಂದೆ ಕರೆಗಳು ಜಾಸ್ತಿಯಾದವೆಂದು ಕೋಣೆಗೆ ಎರಡನೆಯ ಮೇಜು, ಎರಡನೆಯ ಫೋನು ಬಂತು. ಅದರ ಮುಂದೆ ಕೂರಲು ಮೈದುನನ ಹೆಂಡತಿ ಬಂದರು. ಕರೆದುಕೊಂಡು ಬಂದು ಕೆಲಸ ಕಲಿಸಿದ್ದು ಸ್ವತಃ ಫೋನಕ್ಕನೇ. ಅದೇನು ದನಿ ಆ ಓರಗಿತ್ತಿಯದು! ತೊಟ್ಟಿಲು ತೂಗುವ ಹೊತ್ತಿನ ದನಿ. ಹೇಳುವುದು ಅಕ್ಕ ಕಲಿಸಿದ ಮಾತುಗಳನ್ನೇ. ಆದರೆ ತಿಂಗಳು ತುಂಬುವಷ್ಟರಲ್ಲಿ ಕರೆ ಮಾಡುವವರು ಈ ಕಡೆಯ ದಪ್ಪ ದನಿ ಕೇಳಿದ ಕೂಡಲೇ, “ಆ ಇನ್ನೊಬ್ಬರು ಅಕ್ಕ ಇದ್ದಾರಾ?” ಎಂದು ಕೇಳತೊಡಗಿದರು. ಇಟ್ಟು ಮತ್ತೆ ಮಾಡಿ, ಅವಳೇ ಎತ್ತುತ್ತಾಳೆ ಎಂದು ಫೋನಕ್ಕ ಅವರನ್ನು ಆ ಮೇಜಿಗೆ ಕಳಿಸಬೇಕಾಯಿತು.

ಫೋನಕ್ಕನ ಹೊಟ್ಟೆಗೆ ಅವತ್ತು ಬಿದ್ದ ಕಿಚ್ಚು ಇವತ್ತಿಗೂ ಆರಿಲ್ಲ, ಅದನ್ನವರು ಮುಚ್ಚಿಡುವುದೂ ಇಲ್ಲ. ರೂಲು ಪುಸ್ತಕದಲ್ಲಿ ಇಬ್ಬರಿಗೂ ಒಂದೊಂದು ಸಾಲು, ಕರೆಗೊಂದು ಗೀಟು. ಓರಗಿತ್ತಿಯ ಸಾಲಿನ ಗೀಟುಗಳನ್ನು ಇವರು ಓರೆಗಣ್ಣಲ್ಲಿ ಎಣಿಸುತ್ತಾರೆ. ಮನೆಯಲ್ಲಿ ಮೈದುನ ಟೀ ಚೆನ್ನಾಗಿದೆ ಅಂದರೆ ಯಾರು ಮಾಡಿದ್ದು ಎಂದು ಮೊದಲು ನೋಡಿಕೊಂಡು ಆಮೇಲೆ ಖುಷಿಪಡಬೇಕೋ ಬೇಡವೋ ಎಂದು ತೀರ್ಮಾನಿಸುತ್ತಾರೆ. ಈ ಲೇಖನಕ್ಕೆಂದು ಪತ್ರಿಕೆಯ ಪುರವಣಿಯವರು ಫೋಟೊ ಬೇಕೆಂದಾಗ ಅವರ ಮೊದಲ ಪ್ರಶ್ನೆ, “ಅವಳದೂ ಹಾಕ್ತೀರಾ?” ಎಲೆಮರೆಯ ಕಾಯಿ ಎಂದು ಬರೆಯುತ್ತಾರೆಂದು ತಿಳಿದಾಗ, ಎಲೆ ಯಾರು ಅಂತಾನೂ ಬರೀರಿ ಎಂದು ಪಕ್ಕದ ಮೇಜಿನ ಕಡೆ ಗದ್ದ ಎತ್ತಿ ತೋರಿಸಿದರು. ಓರಗಿತ್ತಿ ನಕ್ಕುಬಿಟ್ಟರು. ಆ ನಗುವೂ ಚೆನ್ನಾಗಿದೆ, ಅದೇ ತಾಪತ್ರಯ.

ಎಲ್ಲಕ್ಕಿಂತ ಹೆಚ್ಚು ಉರಿಸುವುದು ಭಾನುವಾರದ ಪತ್ರಗಳು. ಸಮಾಧಾನ ಸಿಕ್ಕವರು ಬರೆದ ಪತ್ರಗಳನ್ನು ಪಾಸ್ಟರ್ ಸಭೆಯ ಮುಂದೆ ಓದುತ್ತಾರೆ. ಮೂರು ವರ್ಷದಲ್ಲಿ “ಮೃದು ದನಿಯ ಸಹೋದರಿ”ಗೆ ಹನ್ನೊಂದು ಪತ್ರ ಬಂದಿವೆ. ಇಪ್ಪತ್ತೊಂದು ವರ್ಷದಲ್ಲಿ ಫೋನಕ್ಕನನ್ನು ನೆನೆದ ಪತ್ರ ಒಂದೇ. ಅದರಲ್ಲೂ, ಮೃದು ದನಿಯ ಸಹೋದರಿಯ ಕಡೆಗೆ ಕಳಿಸಿದ ಆ ಮೊದಲಿನವರಿಗೂ ವಂದನೆ ಎಂದಿತ್ತು. ಸಭೆಗೆ ಸಭೆಯೇ ಚಪ್ಪಾಳೆ ತಟ್ಟಿತು, ಫೋನಕ್ಕ ಕೈಯೆತ್ತಲಿಲ್ಲ.

ಹನ್ನೊಂದನೆಯ ಪತ್ರ ಓದಿದ ಮರುದಿನ ನಡೆದದ್ದನ್ನು ಫೋನಕ್ಕ ತಾವಾಗಿಯೇ ಹೇಳುತ್ತಾರೆ. ಆಗೆಲ್ಲ ದಿನದ ಮೊದಲ ಕರೆ ಒಬ್ಬ ಎಳೆ ಬಾಣಂತಿಯದು. ಯಾವುದೋ ಬೇಕರಿಯ ಹಿಂದಿನ ಕೋಣೆಯಿಂದ ಮಾಡುತ್ತಿದ್ದಳು, ತಟ್ಟೆಗಳನ್ನು ಎಳೆದು ಜೋಡಿಸುವ ಸದ್ದು ಕೇಳಿಸುತ್ತಿತ್ತು. ನಿನ್ನಿಂದ ಎಲ್ಲರಿಗೂ ಕಷ್ಟ, ನೀನು ಇಲ್ಲದೇ ಹೋದರೆ ಮಗು ಸುಖವಾಗಿರುತ್ತದೆ ಎಂದು ಒಳಗೊಂದು ದನಿ ಹೇಳುತ್ತದೆ ಅನ್ನುತ್ತಿದ್ದಳು. ಅವಳ ಕರೆ ಮೊದಲು ಎತ್ತಿದ್ದು ಫೋನಕ್ಕ. ಒಂದು ದಿನ ಓರಗಿತ್ತಿ ಎತ್ತಿದರು, ಅಲ್ಲಿಂದ ಅವಳಿಗೆ ಆ ದನಿಯೇ ಬೇಕು.

ಆ ಸೋಮವಾರವೂ ಅವಳು ಆ ಇನ್ನೊಬ್ಬ ಅಕ್ಕನನ್ನೇ ಕೇಳಿದಳು. ಓರಗಿತ್ತಿ ಹೊರಗೆ ನಲ್ಲಿಯ ಹತ್ತಿರ ಲೋಟ ತೊಳೆಯುತ್ತಿದ್ದರು, ಕೂಗಿದರೆ ಬರುವಷ್ಟು ಹತ್ತಿರ. ಫೋನಕ್ಕ, “ಅವರು ಕೆಲಸ ಬಿಟ್ರು” ಅಂದುಬಿಟ್ಟರು. ಆ ಕಡೆಯಿಂದ ಸಣ್ಣಗೆ, “ನನ್ನಿಂದಾನಾ ಅಕ್ಕ? ದಿನಾ ತಲೆ ತಿಂತೀನಿ ಅಂತಾನಾ?” ಅಲ್ಲ ಅನ್ನಬೇಕಿತ್ತು. ಎರಡಕ್ಷರ. ನಾಲಿಗೆ ಏಳಲಿಲ್ಲ. ಲೈನು ಕಟ್ಟಾಯಿತು.

“ಸೈತಾನ ಒಳಗಿಂದ ಏನು ಹೇಳ್ತಿದ್ನೋ ಅದಕ್ಕೆ ನಾನು ಹೊರಗಿಂದ ಸಾಕ್ಷಿ ಹೇಳಿದ ಹಾಗಾಯ್ತು. ಇಪ್ಪತ್ತೊಂದು ವರ್ಷ ಅವನ ವಿರುದ್ಧ ಮಾತಾಡಿದ ಬಾಯಿ ಇದು. ಅವತ್ತು ಅವನಿಗೇ ಕೆಲಸ ಮಾಡಿಕೊಟ್ಟು ಬಂತು.”

ಮರುದಿನ ಅವಳು ಕರೆ ಮಾಡಲಿಲ್ಲ. ಅದರ ಮರುದಿನವೂ ಇಲ್ಲ. ಹುಡುಕೋಣವೆಂದರೆ ದಾರಿಯಿಲ್ಲ. ಹೆಸರು ಕೇಳಬಾರದು, ಊರು ಕೇಳಬಾರದು, ನಂಬರ್ ಇಟ್ಟುಕೊಳ್ಳಬಾರದು ಎಂದು ಗೋಡೆಯ ಮೇಲೆ ಬರೆದಿದೆ. ಜನ ಹೆದರಿಕೆಯಿಲ್ಲದೆ ಮಾತಾಡಲಿ ಎಂದು ನಂಬರ್ ತೋರಿಸದ ಹಳೆಯ ಫೋನನ್ನೇ ಇಲ್ಲಿ ಬೇಕೆಂದು ಇಟ್ಟಿದ್ದಾರೆ. ಮೂರನೆಯ ದಿನ ಫೋನಕ್ಕ ಅಡುಗೆಮನೆಯಲ್ಲಿ ಓರಗಿತ್ತಿಗೆ ಎಲ್ಲ ಹೇಳಿದರು. ಅವರು ಬೈದಿದ್ದರೆ ಎಷ್ಟೋ ಹಗುರವಾಗುತ್ತಿತ್ತು. ಬೈಯಲಿಲ್ಲ. ಫೋನ್ ಇಡೋ ಮುಂಚೆ ಅಳ್ತಿದ್ಲಾ ಅಕ್ಕ ಎಂದಷ್ಟೇ ಕೇಳಿದರು. “ಅವಳು ನನ್ನ ಬೈಲಿಲ್ಲವಲ್ಲ, ಅದಕ್ಕೂ ಹೊಟ್ಟೆ ಉರೀತು ನೋಡಿ” ಎನ್ನುತ್ತಾರೆ ಫೋನಕ್ಕ.

ಪಾಸ್ಟರ್ ಹತ್ತಿರ ಹೋಗಿ ಕೆಲಸ ಬಿಡುತ್ತೇನೆಂದರು. ಅವರು ಒಪ್ಪಲಿಲ್ಲ. ಆ ಹುಡುಗಿ ಮತ್ತೆ ಕರೆ ಮಾಡಿದರೆ, ಸುಳ್ಳು ಹೇಳಿದ ದನಿಯೇ ಅವಳಿಗೆ ನಿಜ ಹೇಳಬೇಕು, ಹೋಗಿ ಕೂತ್ಕೊಳ್ಳಿ ಎಂದರು. ಕೂತರು. ಅವಳ ಕರೆ ತಪ್ಪದಿರಲೆಂದು ದಿನಾ ಲೈನು ತೆರೆಯುವ ಮುಂಚೆಯೇ. ಭಾನುವಾರ ಮಧ್ಯಾಹ್ನಗಳಲ್ಲಿ ಬೇಕರಿ ಬೇಕರಿ ಸುತ್ತಿದರು. ಗಲ್ಲಾದ ಹಿಂದೆ ಯಾವ ಹೆಣ್ಣು ದನಿ ಬಂದರೂ ಬಲಗಿವಿ ಆ ಕಡೆಗೆ. ಒಂಬತ್ತು ಬೇಕರಿಯಾಯಿತು, ಬರಿಗೈಲಿ ಬರಬಾರದೆಂದು ತಂದ ಬನ್ನು ತಿಂದೂ ತಿಂದೂ ಮೈದುನ ಕೈಮುಗಿದ. ಅವಳು ಬದುಕಿದ್ದಾಳೋ ಇಲ್ಲವೋ ಎನ್ನುವ ಪ್ರಶ್ನೆಯನ್ನು ಮನೆಯಲ್ಲಿ ಯಾರೂ ಬಾಯಿಬಿಟ್ಟು ಆಡಲಿಲ್ಲ.

ಇವತ್ತು ಆರು ಹೊಡೆದು ಮೂರು ನಿಮಿಷಕ್ಕೆ ಫೋನು ಬಡಿದುಕೊಳ್ಳುತ್ತದೆ. ಓರಗಿತ್ತಿ ಇನ್ನೂ ಬಂದಿಲ್ಲ, ಮನೆಯವರನ್ನೆಲ್ಲ ಎಬ್ಬಿಸಿ ಬರುವುದರಲ್ಲಿ ದಿನಾ ಹತ್ತು ನಿಮಿಷ ತಡ. ಫೋನಕ್ಕ ರಿಸೀವರ್ ಎತ್ತಿ ಎಂದಿನಂತೆ, ಹೇಳಿ, ಕೇಳಿಸಿಕೊಳ್ತಿದೀನಿ ಎನ್ನುತ್ತಾರೆ. ಆ ಕಡೆ ಮಾತಿಲ್ಲ. ತಟ್ಟೆ ಎಳೆಯುವ ಸದ್ದು ಮಾತ್ರ. ಫೋನಕ್ಕನ ಇನ್ನೊಂದು ಕೈ ಮೇಜಿನ ಅಂಚು ಹಿಡಿಯುತ್ತದೆ.

“ಫೋನ್ ಇಡಬೇಡ ಕಣಮ್ಮ. ಅವತ್ತು ನಾನು ಸುಳ್ಳು ಹೇಳ್ದೆ. ಅವಳು ಕೆಲಸ ಬಿಟ್ಟಿಲ್ಲ, ಇಲ್ಲೇ ಇದಾಳೆ. ನಿನ್ನಿಂದ ಯಾರಿಗೂ ಏನೂ ಆಗಿಲ್ಲ. ಎಲ್ಲರೂ ಅವಳನ್ನೇ ಕೇಳ್ತಾರೆ ಅಂತ ನಂಗೆ ಹೊಟ್ಟೆಕಿಚ್ಚು. ಅದಕ್ಕೆ ಹೇಳ್ದೆ.”

ಆ ಕಡೆಯಿಂದ, ನಿಮಗೂ ಹಾಗೆಲ್ಲ ಆಗುತ್ತಾ ಎನ್ನುವ ಪ್ರಶ್ನೆ. ಆಗುತ್ತೆ, ದಿನಾ ಆಗುತ್ತೆ ಎನ್ನುತ್ತಾರೆ ಫೋನಕ್ಕ. ಅವಳು ತಾನಾಗಿಯೇ ಹೇಳುತ್ತಾಳೆ: ಅವತ್ತು ಫೋನಿಟ್ಟ ಮೇಲೆ ಬಹಳ ಕೆಟ್ಟ ದಿನಗಳು. ಅವಳ ಸ್ವಂತ ಅಕ್ಕ ಬಂದು ಮಗುವಿನ ಜೊತೆ ತನ್ನ ಮನೆಗೆ ಕರೆದುಕೊಂಡು ಹೋದಳು, ಡಾಕ್ಟರಿಗೆ ತೋರಿಸಿದಳು. ಈಗ ಮಾತ್ರೆ ನಡೆಯುತ್ತಿದೆ, ನಿದ್ದೆ ಬರುತ್ತಿದೆ, ಮತ್ತೆ ಬೇಕರಿಯ ಕೆಲಸಕ್ಕೂ ಬಂದಿದ್ದಾಳೆ. ಆ ಒಳಗಿನ ದನಿ ಪೂರ್ತಿ ಹೋಗಿಲ್ಲ. ಇಷ್ಟು ಹೇಳಿ ಅವಳು, “ಅವರು ಬರೋ ತನಕ ನೀವೇ ಮಾತಾಡ್ತಿರಿ” ಎನ್ನುತ್ತಾಳೆ.

ಅವರು ಬರೋ ತನಕ! ಬೇರೆ ದಿನವಾಗಿದ್ದರೆ ಈ ಮಾತಿಗೆ ಫೋನಕ್ಕ ವಾರವಿಡೀ ಮುಖ ಊದಿಸಿಕೊಂಡಿರುತ್ತಿದ್ದರು. ಇವತ್ತು ಮಾತಾಡುತ್ತಾರೆ. ಹನ್ನೊಂದು ನಿಮಿಷ. ಮಗುವಿಗೆ ಹಲ್ಲು ಬಂತಾ ಎಂದು ಕೇಳುತ್ತಾರೆ, ಬನ್ನಿನ ಕಥೆ ಹೇಳುತ್ತಾರೆ. ಆ ಕಡೆ ನಗು ಕೇಳಿಸುತ್ತದೆ. ನಕ್ಕವಳು, ನಿಮಗೊಂದು ವಿಷಯ ಹೇಳ್ಲಾ ಎಂದು ಶುರುಮಾಡುವಷ್ಟರಲ್ಲಿ ಬಾಗಿಲು ಸದ್ದಾಗುತ್ತದೆ. ಓರಗಿತ್ತಿ ಒಳಗೆ ಬಂದು, ಅಕ್ಕನ ಮುಖ ನೋಡಿ, ನಿಂತಲ್ಲೇ ನಿಲ್ಲುತ್ತಾರೆ.

ಕೈಯಲ್ಲಿ ಹೊರಗೆ ಹೋಗು ಎಂದು ಸನ್ನೆ ಮಾಡಿದರೆ ಮುಗಿಯಿತು, ಓರಗಿತ್ತಿ ತುಟಿ ಪಿಟಕ್ಕೆನ್ನದೆ ಹೋಗುತ್ತಾರೆ. ಇನ್ನೈದು ನಿಮಿಷ ಸಿಕ್ಕರೆ ಈ ಹುಡುಗಿ ತನ್ನವಳಾಗುತ್ತಾಳೆ ಎಂದು ಫೋನಕ್ಕನಿಗೆ ಗೊತ್ತು. ಆ ಆಸೆ ಎಷ್ಟು ಜೋರಾಗಿತ್ತೆಂದರೆ ಕೈ ಅರ್ಧ ಮೇಲೆದ್ದಿತ್ತು ಎಂದು ಆಮೇಲೆ ಅವರೇ ಹೇಳುತ್ತಾರೆ. ಇಟ್ಟು ಮತ್ತೆ ಮಾಡು ಎಂದು ಇವಳಿಗೆ ಹೇಳುವಂತಿಲ್ಲ, ಫೋನಿನ ತಂತಿ ಪಕ್ಕದ ಮೇಜಿನ ತನಕ ಎಟುಕುವುದಿಲ್ಲ. ಕೊಡಬೇಕೆಂದರೆ ಎದ್ದು ಕುರ್ಚಿಯನ್ನೇ ಬಿಟ್ಟುಕೊಡಬೇಕು. ಇಪ್ಪತ್ತೊಂದು ವರ್ಷದಲ್ಲಿ ಆ ದಿಂಬಿನ ಮೇಲೆ ಇನ್ನೊಬ್ಬರು ಕೂತಿಲ್ಲ, ಪಾಸ್ಟರ್ ಕೂಡ.

“ಬಂದ್ಲು ನೋಡು” ಎಂದು ಫೋನಿಗೆ ಹೇಳಿ ಫೋನಕ್ಕ ಏಳುತ್ತಾರೆ. ಓರಗಿತ್ತಿಯ ಭುಜ ಒತ್ತಿ ಕೂರಿಸಿ, ರಿಸೀವರ್ ಕೈಗಿಟ್ಟು, ಕಿಟಕಿಯ ಹತ್ತಿರ ಹೋಗಿ ಬೆನ್ನು ತಿರುಗಿಸಿ ನಿಲ್ಲುತ್ತಾರೆ. ಹಿಂದೆ ತೊಟ್ಟಿಲಿನ ದನಿ ಶುರುವಾಗುತ್ತದೆ. ನಲವತ್ತು ನಿಮಿಷ ನಡೆಯುತ್ತದೆ. ನಡುವೆ ಒಮ್ಮೆ ಫೋನಕ್ಕ ಬಿಸಿನೀರು ಬಗ್ಗಿಸಿ ಓರಗಿತ್ತಿಯ ಮುಂದಿಟ್ಟು ಮತ್ತೆ ಕಿಟಕಿಗೆ ಹೋಗುತ್ತಾರೆ. ಕೊನೆಯಲ್ಲಿ, ಇದನ್ನೆಲ್ಲ ಪತ್ರಿಕೆಯಲ್ಲಿ ಬರೆಯಬಹುದೇ ಎಂದು ಓರಗಿತ್ತಿ ಆ ತಾಯಿಯನ್ನು ಕೇಳಿದಾಗ, ಬರೀಲಿ ಬಿಡಿ, ಬೇಕರಿ ಯಾವುದು ಅಂತ ಮಾತ್ರ ಬೇಡ ಎಂದಳು.

ಫೋನಿಟ್ಟ ಮೇಲೆ ಕರೆಯ ಗೀಟು ಯಾರ ಸಾಲಿಗೆ ಎಂಬ ಪ್ರಶ್ನೆ. ಅಕ್ಕನ ಸಾಲಿಗೇ ಎಂದು ಓರಗಿತ್ತಿ ಪೆನ್ನು ತೆಗೆದುಕೊಂಡರು. ಫೋನಕ್ಕ ಅದನ್ನು ಕಿತ್ತುಕೊಂಡು ಓರಗಿತ್ತಿಯ ಸಾಲಲ್ಲಿ ಗೀಟು ಎಳೆದರು. ಅವಳು ಕೇಳಿದ್ದು ನಿನ್ನನ್ನ ತಾನೆ ಎಂದು ಗೊಣಗಿ, ಎದ್ದೇಳು ನನ್ನ ಕುರ್ಚಿಯಿಂದ ಎಂದರು. ದಿಂಬನ್ನು ಎರಡು ಸಲ ಬಡಿದು ಮತ್ತೆ ಕೂತರು.

ಈಗ ಕಿಚ್ಚು ಆರಿತೇ ಎಂದು ಕೇಳಿದರೆ, ಸುಳ್ಳು ಹೇಳೋದು ಬಿಟ್ಟಿದೀನಿ, ಆದ್ದರಿಂದ ಇಲ್ಲ ಅಂತ ಬರ್ಕೊಳ್ಳಿ ಎನ್ನುತ್ತಾರೆ. ಇನ್ನೇನು ಆಸೆ ಎಂಬ ಪ್ರಶ್ನೆಗೆ, ಓರಗಿತ್ತಿ ಲೋಟ ತೊಳೆಯಲು ನಲ್ಲಿಯ ಹತ್ತಿರ ಹೋಗಿದ್ದಾರೆಂದು ಖಾತ್ರಿ ಮಾಡಿಕೊಂಡು ದನಿ ತಗ್ಗಿಸುತ್ತಾರೆ.

“ದೊಡ್ಡದೇನಿಲ್ಲ. ಸಾಯೋದ್ರೊಳಗೆ ಒಬ್ಬರು, ಒಂದೇ ಒಂದು ಸಲ, ಅವಳು ಫೋನ್ ಎತ್ತಿದಾಗ ‘ಆ ದಪ್ಪ ದನಿಯ ಅಕ್ಕ ಇದ್ದಾರಾ’ ಅಂತ ಕೇಳ್ಬೇಕು. ಅವಳು ಎದ್ದು ನಂಗೆ ಕುರ್ಚಿ ಬಿಟ್ಟುಕೊಡ್ಬೇಕು. ಕೊಡ್ತಾಳೆ ಬಿಡಿ ಅವಳು. ನನ್ನ ಹಾಗೆ ಯೋಚನೆನೂ ಮಾಡಲ್ಲ.”