ಕಪಾಟಿನ ಹಿಂದಿನ ಗೋಡೆ

ನನ್ನ ಮೂಗಿನ ಮೇಲೆ ನನಗೆ ಬಹಳ ಅಹಂಕಾರವಿತ್ತು. ಇಪ್ಪತ್ತೈದು ವರ್ಷ ಮೀನು ಮಾರಿದವಳು ನಾನು. ಮೊದಲು ನಮ್ಮೂರು ಕೋಡಿಯಿಂದ ತಲೆಯ ಮೇಲೆ ಬುಟ್ಟಿ ಹೊತ್ತು ಮನೆಮನೆಗೆ ಹೋದೆ, ಆಮೇಲೆ ಕುಂದಾಪುರದ ಮಾರುಕಟ್ಟೆಯಲ್ಲಿ ಕೂತೆ. ಬಂಗುಡೆ ನಿನ್ನೆಯದೋ ಮೊನ್ನೆಯದೋ ಎಂದು ಕಿವಿರು ಎತ್ತಿ ನೋಡದೆಯೇ ಹೇಳಬಲ್ಲೆ. ಇನ್ನು ಬಾಯಿ? ಅದರ ಸುದ್ದಿ ಕೇಳಬೇಡಿ. ಬಾಯಿ ಇಲ್ಲದವಳ ಮೀನು ಬುಟ್ಟಿಯಲ್ಲೇ ಕೊಳೆಯುತ್ತದೆ. ಇಂಥ ಮೂಗು, ಇಂಥ ಬಾಯಿ ಇದ್ದೂ ನಾನು ನನ್ನ ಮೊಮ್ಮಗಳನ್ನು ಎಲ್ಲಿಗೆ ತಂದು ನಿಲ್ಲಿಸಿದ್ದೆ ಎಂಬುದನ್ನು ಹೇಳದೆ ಇರಲಾಗುವುದಿಲ್ಲ.

ಬೈಂದೂರಿಗೆ ಕೊಟ್ಟ ಒಬ್ಬಳೇ ಮಗಳು. ನನ್ನ ಗಂಡ ತೀರಿಕೊಂಡ ಮೇಲೆ ನನಗೆ ಅವಳು, ಅವಳಿಗೆ ನಾನು. ಅವಳ ಚೊಚ್ಚಲ ಹೆರಿಗೆ, ಬಾಣಂತನ ತವರಿನಲ್ಲೇ ಆಗಬೇಕಲ್ಲ. ದಿನ ತುಂಬುವುದೋ ಸರಿಯಾಗಿ ಜೂನ್ ಕೊನೆಗೆ. ನಮ್ಮ ಒಳಕೋಣೆಯ ಪಡುವಣ ಗೋಡೆಯಲ್ಲಿ ಹಿಂದಿನ ಮಳೆಗಾಲದ ಗುರುತೊಂದು ಉಳಿದಿತ್ತು. ಕಾಳುಮೆಣಸು ಚೆಲ್ಲಿದ ಹಾಗೆ ಚುಕ್ಕಿ ಚುಕ್ಕಿ ಬೂಷ್ಟು. ಮಗುವನ್ನು ನೋಡಲು ಬರುವ ನೆಂಟರೆಲ್ಲ ಆ ಗೋಡೆಯನ್ನೂ ನೋಡಿ ಹೋಗುತ್ತಾರಲ್ಲ ಎಂದು ನನ್ನ ಚಿಂತೆ. ಮೇ ತಿಂಗಳ ಕೊನೆಗೆ ಪೈಂಟಿನವನನ್ನು ಕರೆಸಿದೆ.

ಅವನು ಗೋಡೆಗೆ ಅಂಗೈ ಇಟ್ಟ. ಹೊರಗೆ ಹೋಗಿ ನೋಡಿ ಬಂದ.

"ಅಕ್ಕಾ, ಈ ಗ್ವಾಡಿ ಒಳ್ಗೆ ಚಂಡಿ ಇತ್ತ್, ನೀರ್ ಹಿಡ್ದಿತ್ತ್. ಹೊರ್ಗೆ ಬಿರ್ಕ್ ಬಿಟ್ಟಿತ್ತ್ ಕಾಣಿ. ಅದನ್ನ್ ಮುಚ್ಚಿ, ಪೂರಾ ಒಣ್ಗಿದ್ ಮೇಲೆ ಪೈಂಟ್ ಹೊಡ್ಯುವ. ಈಗ ಹೊಡ್ದ್ರೆ ನಿಲ್ಲುದಿಲ್ಲ."

"ನಿನ್ ಹತ್ರ ಬುದ್ಧಿ ಯಾರ್ ಕೇಂಡದ್ದ್? ಬಾಳಂತಿ ದೀಪಾವಳಿಗೆ ಬಪ್ಪುದಲ್ಲ ಮಾರಾಯಾ, ಬಪ್ಪ ತಿಂಗ್ಳ್ ಬಪ್ಪುದು. ಹೊಡಿ ಅಂದ್ರೆ ಹೊಡಿ!"

ಅವನು ಪೈಂಟಿನ ಡಬ್ಬ ಬಿಚ್ಚಿದ. ನನ್ನೆದುರು ಮಾತಾಡಿ ಗೆದ್ದವರಿಲ್ಲ ಎಂದು ಊರಿಗೆಲ್ಲ ಗೊತ್ತು. ಎರಡು ದಿನದಲ್ಲಿ ಗೋಡೆ ಕೆನೆಬಣ್ಣಕ್ಕೆ ತಿರುಗಿತು. ನಾನು ಅಕ್ಕಪಕ್ಕದವರನ್ನು ಕರೆದು ತೋರಿಸಿದ್ದೂ ಆಯಿತು.

ಮಳೆ ಹಿಡಿದು ಹದಿನೈದು ದಿನ ಆಗಿರಲಿಲ್ಲ, ಹೊಸ ಬಣ್ಣದ ಮೇಲೆ ಚುಕ್ಕಿಗಳು ಎದ್ದವು. ಮೊದಲು ಸಾಸಿವೆಯಷ್ಟು, ಆಮೇಲೆ ಉದ್ದಿನ ಕಾಳಿನಷ್ಟು. ಒರೆಸಿದೆ, ನಾಲ್ಕು ದಿನಕ್ಕೆ ಮತ್ತೆ ಬಂದವು. ಪೈಂಟಿನವನನ್ನು ಕರೆಸಿದರೆ ಅವನು ಹೇಳಿದ್ದು ಸರಿ ಎಂದು ಒಪ್ಪಿಕೊಂಡ ಹಾಗಾಯಿತಲ್ಲ! ಸತ್ತರೂ ಇಲ್ಲ. ಕಬ್ಬಿಣದ ಕಪಾಟನ್ನು ಒಬ್ಬಳೇ ಎಳೆದು, ನೂಕಿ, ಆ ಗೋಡೆಗೆ ಬೆನ್ನು ಒತ್ತಿ ನಿಲ್ಲಿಸಿದೆ. ಬೂಷ್ಟು ಕಾಣದಾಯಿತು. ತೊಟ್ಟಿಲು ಕಟ್ಟುವ ಕೊಂಡಿ ಇದ್ದದ್ದು ಅದರ ಪಕ್ಕದಲ್ಲೇ.

ಮಗಳು ಹೆಣ್ಣುಮಗುವನ್ನು ಎತ್ತಿಕೊಂಡು ಆಸ್ಪತ್ರೆಯಿಂದ ಬಂದಳು. ಬಾಣಂತಿಗೆ ಗಾಳಿ ತಾಗಬಾರದು ಎಂದು ಕಿಟಕಿಗಳನ್ನೆಲ್ಲ ಮುಚ್ಚಿ ಸಂದಿಗೆ ಬಟ್ಟೆ ತುರುಕಿದೆ. ಕೋಣೆಗೆ ಅಂಟಿಕೊಂಡೇ ಬಚ್ಚಲು. ದಿನವೂ ಹಂಡೆಗಟ್ಟಲೆ ಬಿಸಿನೀರಿನ ಹಬೆ ಒಳಗೇ ತುಂಬುತ್ತಿತ್ತು. ಮಗುವಿನ ಬಟ್ಟೆ ಹೊರಗೆ ಒಣಗುವುದುಂಟೇ? ಕೋಣೆಯೊಳಗೇ ಹಗ್ಗ ಕಟ್ಟಿ ಹರವಿದೆ. ಸಂಜೆಗೆ ಸಾಂಬ್ರಾಣಿ ಹೊಗೆ. ಬೆಳಿಗ್ಗೆ ಬಾಗಿಲು ತೆರೆದರೆ ನೆನೆದ ಗೋಣಿಚೀಲದ ವಾಸನೆ ಮುಖಕ್ಕೆ ರಾಚುತ್ತಿತ್ತು. ಅದೇನೆಂದು ಮೊದಲ ದಿನವೇ ನನ್ನ ಮೂಗಿಗೆ ತಿಳಿದಿತ್ತು. ಮಳೆಗಾಲ, ಎಲ್ಲರ ಮನೆಯಲ್ಲೂ ಇರುವಂಥದ್ದೇ ಎಂದು ನನಗೆ ನಾನೇ ಹೇಳಿಕೊಂಡೆ.

ಹದಿನಾರನೆಯ ದಿನ ಬೀಗಿತ್ತಿ, ಮಗಳ ಅತ್ತೆ, ಬೈಂದೂರಿನಿಂದ ಬಸ್ಸಿನಲ್ಲಿ ಬಂದರು. ಅಲ್ಲಿ ಅವರದೊಂದು ಫ್ಯಾನ್ಸಿ ಅಂಗಡಿ. ಮಗುವನ್ನು ಮಡಿಲಲ್ಲಿಟ್ಟುಕೊಂಡು ಕೂತವರು ಸುತ್ತ ನೋಡಿ ಮೆಲ್ಲಗೆ ಅಂದರು, "ಅಕ್ಕಾ, ಒಳ್ಗೆ ಒಂಚೂರ್ ಮುಗ್ಗಲ್ ವಾಸ್ನಿ ಬತ್ತಲ್ದಾ?"

"ಮೀನ್ ಮಾರುವರ್ ಮನಿ ಅಲ್ದಾ ಅಕ್ಕಾ ಇದ್. ನಿಮ್ಮ್ ಅಂಗಡಿ ಸೆಂಟಿನ್ ವಾಸ್ನಿ ಇಲ್ಲಿಗೆ ಎಲ್ಲಿಂದ ಬಪ್ಪುದು?"

ಅವರ ಕಣ್ಣು ತುಂಬಿತು. ಅರ್ಧ ಕುಡಿದ ಕಾಫಿ ಲೋಟ ಹಾಗೇ ಇಟ್ಟು, ಮಗುವನ್ನು ಸೊಸೆಯ ಕೈಗೆ ಕೊಟ್ಟು ಹೊರಟರು.

"ಎಂತಕ್ಕಮ್ಮ ಹಾಂಗ್ ಮಾತಾಡುದ್ ನೀನ್?" ಎಂದಳು ಮಗಳು.

"ಓಹೋ, ಈಗ ನಿಂಗೆ ಅತ್ತೆ ದೊಡ್ಡವ್ಳಾಯ್ಳಾ?" ಎಂದೆ. ಅವಳು ಗೋಡೆಯ ಕಡೆ ತಿರುಗಿ ಮಲಗಿದಳು.

ಐದನೆಯ ವಾರದಲ್ಲಿ ಮಗುವಿನ ಉಸಿರಿನಲ್ಲಿ ಸಣ್ಣದೊಂದು ಸಿಳ್ಳು ಕೇಳಿಸಿತು. ಮಗಳು ಕದ್ದು ಸೌತೆಕಾಯಿ ತಿಂದಿರಬೇಕು ಎಂದು ಅವಳನ್ನು ಬೈದೆ. ಬೀಗಿತ್ತಿಯ ದೃಷ್ಟಿ ಎಂದು ಉಪ್ಪು ಮೆಣಸು ನಿವಾಳಿಸಿ ಒಲೆಗೆ ಹಾಕಿದೆ. ಸಿಳ್ಳು ನಿಲ್ಲಲಿಲ್ಲ. ಕುಂದಾಪುರದ ಡಾಕ್ಟರಮ್ಮನ ಹತ್ತಿರ ಹೋದೆವು. ಅವರು ಎದೆಗೆ ಕಿವಿಕೊಳವೆ ಇಟ್ಟು, ನನ್ನನ್ನೇ ಕೇಳಿದರು: "ಮನೆಯಲ್ಲಿ ಗೋಡೆ ಒದ್ದೆಯಿದೆಯಾ? ಬೂಷ್ಟು ಏನಾದ್ರೂ?"

"ಇಲ್ಲ ಡಾಕ್ಟ್ರೇ. ಈಗಷ್ಟೇ ಪೈಂಟ್ ಮಾಡ್ಸದ್ದ್."

ಮಗಳು ತನ್ನ ಕಾಲ್ಬೆರಳು ನೋಡುತ್ತಾ ಕೂತಿದ್ದಳು. ಬಾಣಂತಿಯ ಸುಸ್ತು ಎಂದುಕೊಂಡೆ.

ಔಷಧಿ ಹಿಡಿದು ಬಂದು ಮೂರು ದಿನ. ನಾಲ್ಕನೆಯ ದಿನ ಬೆಳಿಗ್ಗೆ ಮೀಯಿಸಿ ಮಲಗಿಸಿದ ಮಗು ಮೊಲೆ ಹಿಡಿಯಲಿಲ್ಲ. ಪಕ್ಕೆಲುಬಿನ ಕೆಳಗೆ ಉಸಿರಿಗೊಮ್ಮೆ ಗುಳಿ ಬೀಳುತ್ತಿತ್ತು. ಅಳುವುದಕ್ಕೂ ಅದಕ್ಕೆ ಶಕ್ತಿಯಿಲ್ಲ, ತುಟಿಯ ಬಣ್ಣವೇ ಬೇರೆ. ಬಲೆಯಿಂದ ದಡಕ್ಕೆ ಸುರಿದ ಮೀನು ಬಾಯಿ ಬಿಡುವುದನ್ನು ಜೀವಮಾನವಿಡೀ ನೋಡಿದವಳು ನಾನು. ಅಯ್ಯೋ ದೇವರೇ, ಆ ಬಾಯಿಯನ್ನು ನೋಡಲಾಗಲಿಲ್ಲ. ಆಟೋದಲ್ಲಿ ಸೇತುವೆ ದಾಟುವವರೆಗೆ ಮಗಳೂ ನಾನೂ ಆ ಉಸಿರನ್ನೇ ಕೇಳುತ್ತಿದ್ದೆವು.

ಆಸ್ಪತ್ರೆಯಲ್ಲಿ ಮೂಗಿಗೆ ಸಣ್ಣ ನಳಿಗೆ ಹಾಕಿ ಆಕ್ಸಿಜನ್ ಕೊಟ್ಟರು. ಇವತ್ತು ಕಳೆಯಲಿ, ನೋಡುವ ಎಂದರು ಡಾಕ್ಟರಮ್ಮ. ಬಟ್ಟೆ ತರಲು ಮನೆಗೆ ಬಂದೆ. ಕಪಾಟಿನ ಬಾಗಿಲು ತೆರೆಯಲು ಹೋದವಳು, ತೆರೆಯದೆ ಅದರ ಎರಡೂ ಬದಿ ಹಿಡಿದು ಜಗ್ಗಿದೆ.

ಕೆನೆಬಣ್ಣ ಇರಲೇ ಇಲ್ಲ. ಸೊಂಟದೆತ್ತರದಿಂದ ನೆಲದವರೆಗೆ ಗೋಡೆ ಕರ್ರಗೆ, ಅಲ್ಲಲ್ಲಿ ಹಸಿರು ರೋಮ. ಪೈಂಟು ಉಬ್ಬಿ ಸಿಪ್ಪೆ ಎದ್ದಿತ್ತು. ತೊಟ್ಟಿಲ ಹಗ್ಗ ಅಲ್ಲಿಂದ ಎರಡು ಗೇಣು. ಕೆಳಗೆ ಮೂಲೆಯಲ್ಲಿ ಬಟ್ಟೆಯ ಉಂಡೆಗಳು ಬಿದ್ದಿದ್ದವು. ಎತ್ತಿ ನೋಡಿದೆ. ಮಗುವಿಗೆಂದು ನಾನೇ ಹರಿದುಕೊಟ್ಟ ನನ್ನ ಹಳೆಯ ಸೀರೆಯ ತುಂಡುಗಳು. ಆರೇಳು ಇದ್ದವು, ಒಂದೊಂದರಲ್ಲೂ ಕಪ್ಪು ಪುಡಿ. ಯಾರೋ ಈ ಗೋಡೆಯನ್ನು ಒರೆಸುತ್ತಿದ್ದರು. ಮನೆಯಲ್ಲಿ ಇದ್ದದ್ದು ನಾವಿಬ್ಬರೇ.

ಒಂದು ತುಂಡನ್ನು ಕವರಿನಲ್ಲಿ ಕಟ್ಟಿಕೊಂಡು ಆಸ್ಪತ್ರೆಗೆ ಹೋಗಿ ಮಗಳ ಮುಂದೆ ಹಿಡಿದೆ.

"ನಾನೇ," ಅಂದಳು. "ಎಂಟ್ನೇ ದಿನವೇ ಕಂಡಿದ್ದೆ. ಮಗುವಿನ ಟೊಪ್ಪಿ ಕಪಾಟಿನ್ ಹಿಂದ್ ಬಿದ್ದಿತ್ತ್. ಮಧ್ಯಾಹ್ನ ನೀ ಮಲ್ಕಂಡಿಪ್ಪತಿಗೆ ಒಂದ್ ಬದಿ ಎಳ್ದ್ ಒರ್ಸ್ತಿದ್ದೆ."

ಹಸಿ ಬಾಣಂತಿ ಕಪಾಟು ಎಳೆದಿದ್ದಾಳೆ!

"ನಂಗ್ ಒಂದ್ ಮಾತ್ ಹೇಳೂಕೆ ಎಂತ ಆಯಿತ್ತ್ ನಿಂಗೆ?"

"ಹೇಳ್ರೆ ನೀ ಬೈತಿ." ಅವಳು ಮಗುವಿನ ಮೂಗಿನ ನಳಿಗೆಯಿಂದ ಕಣ್ಣು ತೆಗೆಯಲಿಲ್ಲ. "ನಂಗೆ ಬೈದ್ರೆ ಅಡ್ಡಿಲ್ಲ ಅಮ್ಮ. ಅತ್ತೆ ಹೇಳ್ಕೊಟ್ಟದ್ದ್ ಅಂತಿ. ಅವ್ರ್ ಮೊದ್ಲೇ ಕಣ್ಣೀರ್ ಹಾಯ್ಕಂಡ್ ಹೋದವ್ರ್. ಡಾಕ್ಟ್ರ್ ಕೇಂಡಾಗ ನೀ ಇಲ್ಲ ಅಂದಿ. ನಿನ್ ಬಾಯಿಗೆ ಹೆದ್ರಿ ನಾನೂ ಸುಮ್ನಾದೆ."

ಬೈಯಲು ಬಾಯಿ ತೆರೆದಿದ್ದೆ. ಬಟ್ಟೆಯನ್ನು ಮತ್ತೆ ಕವರಿಗೆ ತುರುಕಿದೆ. ನಾನು ಮುಚ್ಚಿಟ್ಟೆ, ನಾನು ಮುಚ್ಚಿಟ್ಟಿದ್ದನ್ನು ಅವಳು ಕಂಡು ಮುಚ್ಚಿಟ್ಟಳು, ಇಬ್ಬರ ನಡುವೆ ಆ ಕೂಸು ಉಸಿರಾಡುತ್ತಿತ್ತು.

ಡಾಕ್ಟರಮ್ಮನ ಬಳಿ ಹೋಗಿ, "ನಾನ್ ಸುಳ್ ಹೇಳಿದ್ದೆ," ಎಂದು ಬಟ್ಟೆ ತೋರಿಸಿದೆ. ಅವರು ಬೈದಿದ್ದರೆ ಹಗುರಾಗುತ್ತಿತ್ತು, ಬೈಯಲಿಲ್ಲ. "ಇದರಿಂದಲೇ ಆಯ್ತು ಅಂತ ನಾನು ಹೇಳಲಾರೆ, ಮಳೆಗಾಲದಲ್ಲಿ ಮಕ್ಕಳಿಗೆ ಎದೆ ಕಟ್ಟುತ್ತದೆ. ಆದರೆ ಈ ಮಗು ಆ ಕೋಣೆಗೆ ವಾಪಸ್ ಹೋಗಬಾರದು. ಹೊಗೆಯೂ ಬೇಡ. ಇನ್ನೊಂದು, ಒಣ ಬಟ್ಟೆಯಲ್ಲಿ ಬೂಷ್ಟು ಒರೆಸಿದರೆ ಅದರ ಪುಡಿ ಗಾಳಿಗೆ ಏಳುತ್ತದೆ. ಒರೆಸಿದ್ದು ಯಾರು?"

"ನಾನೇ," ಎಂದೆ. ಅವರಿಗೆ ನಾನು ಹೇಳಿದ ಎರಡನೆಯ ಸುಳ್ಳು ಅದು. ಅದಕ್ಕೆ ನನಗೆ ಪಶ್ಚಾತ್ತಾಪವಿಲ್ಲ.

ಮೂರನೆಯ ದಿನ ಸಿಳ್ಳು ನಿಂತಿತು, ಮಗು ಹಾಲು ಕುಡಿಯಿತು. ಆಸ್ಪತ್ರೆಯ ಜಗಲಿಯಲ್ಲಿ ನಿಂತು ಬೀಗಿತ್ತಿಗೆ ಫೋನ್ ಮಾಡಿದೆ. "ಅಕ್ಕಾ, ನೀವ್ ಹೇಳದ್ದೇ ಸರಿ. ನಮ್ಮನಿ ಗ್ವಾಡಿ ಹಾಳಾಯ್ತ್. ಮಗು, ಬಾಳಂತಿ ಇಬ್ರನ್ನೂ ಕರ್ಕಂಡ್ ಹೋಪುಕೆ ಬನ್ನಿ." "ಬತ್ತೆ ಅಕ್ಕ," ಎಂದರು, ಅಷ್ಟೇ. ಬಾಣಂತನ ಅರ್ಧಕ್ಕೇ ನಿಂತಿತು. ಮಗಳನ್ನು ಉಡಿ ತುಂಬಿ ಕಳುಹಿಸುವ ನನ್ನ ಆಸೆ, ಆಸ್ಪತ್ರೆಯ ಗೇಟಿನಲ್ಲಿ ಒಂದು ಬ್ಯಾಗು ಹತ್ತಿಸಿಕೊಡುವುದರಲ್ಲಿ ಮುಗಿಯಿತು. ಊರವರು ಕೇಳಿದರು. ಯಾರಿಗೂ ತಿರುಗಿ ಮಾತಾಡಲಿಲ್ಲ.

ಮಳೆ ಬಿಟ್ಟ ಮೇಲೆ ಅದೇ ಪೈಂಟಿನವನನ್ನು ಕರೆದೆ. ನಾನು ಹೇಳಿದ್ದೆನಲ್ಲ ಎಂದು ಅವನು ಅನ್ನಲಿಲ್ಲ, ಅಂದಿದ್ದರೂ ಕೇಳುವವಳಿದ್ದೆ. ಕಿಟಕಿ ಪೂರ್ತಿ ತೆರೆದು, ಇಬ್ಬರೂ ಮೂಗಿಗೆ ಬಟ್ಟೆ ಕಟ್ಟಿಕೊಂಡೆವು. ಪುಡಿ ಹಾರದಂತೆ ಮೊದಲು ಗೋಡೆಗೆ ನೀರು ಚಿಮುಕಿಸಿ, ಆಮೇಲೆ ಕೆರೆದ. ಪೈಂಟು ಗಾರೆ ಸಮೇತ ಕಳಚಿ ಬಿತ್ತು. ಬ್ಲೀಚಿಂಗ್ ಪೌಡರಿನ ನೀರಿನಲ್ಲಿ ತಿಕ್ಕಿ ತೊಳೆದ, ಹೊರಗಿನ ಬಿರುಕನ್ನು ಕೆತ್ತಿ ಸಿಮೆಂಟು ತುಂಬಿದ. ಒಳಗೆ ಹೊಸ ಗಾರೆ ಹಾಕಿ, ಅದು ಒಣಗಲು ಎರಡು ತಿಂಗಳು ಬಿಟ್ಟೆವು. ಪೈಂಟು ಬೇಡವೆಂದು ಸುಣ್ಣ ಬಳಿಸಿದೆ. ಕಪಾಟು ಈಗ ಗೋಡೆಯಿಂದ ಒಂದು ಗೇಣು ದೂರ. ಮಳೆಗಾಲದಲ್ಲಿ ದಿನಕ್ಕೊಮ್ಮೆ ಅದರ ಹಿಂದೆ ಕೈ ಹಾಕಿ ಗೋಡೆ ಮುಟ್ಟುತ್ತೇನೆ. ಮಳೆ ನಿಂತು ಹೊಳವಾದಾಗಲೆಲ್ಲ ಕಿಟಕಿ ತೆರೆಯುತ್ತೇನೆ.

ಈ ಮಳೆಗಾಲಕ್ಕೆ ಮೊಮ್ಮಗಳಿಗೆ ನಾಲ್ಕು ತುಂಬಿತು. ಎರಡು ದಿನ ಇದ್ದು ಹೋಗಲು ತಾಯಿ ಮಗಳು ಬಂದಿದ್ದರು. ಮೊಮ್ಮಗಳು ಒಳಕೋಣೆಯ ಬಾಗಿಲಲ್ಲಿ ನಿಂತು ಮೂಗು ಸುಕ್ಕಿಸಿದಳು.

"ಅಜ್ಜೀ, ಇಲ್ಲ್ ಎಂತದೋ ವಾಸ್ನಿ ಬ..."

ಮಾತು ಮುಗಿದಿರಲಿಲ್ಲ. ಅಡುಗೆಮನೆಯಿಂದ ಮಗಳು ಓಡಿ ಬಂದು, ದೋಸೆ ಹಿಟ್ಟು ಮೆತ್ತಿದ ಕೈಯಿಂದಲೇ ಮಗುವಿನ ಬಾಯಿ ಮುಚ್ಚಿದಳು.

"ಎಂತದೂ ಇಲ್ಲ ಅಮ್ಮ. ಅದ್ಕೆಂತ ಗೊತ್ತ್!" ಎಂದು ನಕ್ಕಳು. ಕಣ್ಣು ನಗುತ್ತಿರಲಿಲ್ಲ.

ನಾಲ್ಕು ವರ್ಷ. ನಾನು ಬದಲಾಗಿದ್ದೇನೆ, ಅವಳು ಮರೆತಿದ್ದಾಳೆ ಎಂದುಕೊಂಡಿದ್ದೆ. ನಾನು ಹತ್ತಿರ ಹೋಗಿ, ಮಗುವಿನ ಬಾಯಿಯ ಮೇಲಿದ್ದ ಆ ಕೈಯನ್ನು ಬೆರಳು ಬೆರಳಾಗಿ ಬಿಡಿಸಿದೆ.

"ಹೇಳ್ ಮಗಾ. ಎಲ್ಲ್ ವಾಸ್ನಿ?"

ಅವಳು ಕಪಾಟಿನ ಕಡೆ ಬೆರಳು ತೋರಿಸಿದಳು. ನಾನು ಕಪಾಟಿನ ಒಂದು ಬದಿ ಹಿಡಿದು, "ಬಾ, ಆ ಬದಿ ನೀ ಹಿಡಿ," ಎಂದು ಮಗಳನ್ನು ಕರೆದೆ. ಇಬ್ಬರೂ ಸೇರಿ ಎಳೆದೆವು. ಮೊಮ್ಮಗಳು ಹಿಂದೆ ನುಗ್ಗಿ ಗೋಡೆ ನೋಡಿದಳು. ಮಗಳು ಮಾತ್ರ ಗೋಡೆ ನೋಡಲಿಲ್ಲ, ನನ್ನ ಮುಖವನ್ನೇ ನೋಡುತ್ತಾ ನಿಂತಿದ್ದಳು.